ಕೆರೆ ನೋಡಿ ಕೊಟ್ಟ ಹೆಣ್ಣು

ಮೊನ್ನೆ ಹೂಡಿಯ ಕಡೆಯಿಂದ ಆಟೋದಲ್ಲಿ ಬರುತ್ತಿದ್ದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಇದ್ದಕ್ಕಿದ್ದಂತೆ ಪಾಚಿಯ ವಾಸನೆ ಮೂಗಿಗೆ ಬಡಿಯಿತು. ಕೆಸರು, ಹಸಿ ಜೊಂಡು, ಮೀನು ಎಲ್ಲ ಸೇರಿದ ವಾಸನೆ. "ಏನ್ ವಾಸ್ನೆ ಮೇಡಂ ಇದು" ಎಂದು ಡ್ರೈವರು ಮೂಗು ಮುಚ್ಚಿಕೊಂಡ. ನಾನು ಮಾತ್ರ ಕತ್ತು ಹೊರಗೆ ಹಾಕಿ ಎದೆ ತುಂಬ ಎಳೆದುಕೊಂಡೆ. ಅಲ್ಲಿಂದ ಎರಡು ತಿರುವು ಒಳಗಿದ್ದ ಕೆರೆಯ ಪಕ್ಕದಲ್ಲೇ ಕೆಲವು ವರ್ಷ ಬಾಡಿಗೆಗೆ ಇದ್ದವಳು ನಾನು. ಆಗ ಆ ಕಡೆಯಿಂದ ಬರುತ್ತಿದ್ದದ್ದು ಬರೀ ದೂಳು, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ. ಕೆರೆಗೆ ಕೆರೆಯ ವಾಸನೆ ಬಂದಿದೆ ಎಂದರೆ ನೀರು ಬಂದಿದೆ ಎಂದೇ ಅರ್ಥ. ಅಲ್ಲೇ ಇಳಿದುಬಿಟ್ಟೆ. ಇಳಿಯುವಾಗ ನೆನಪಾದವರು ನಮ್ಮ ಓನರಮ್ಮ...

ಓನರಮ್ಮ ಮಮತೆಯ ಮೂರ್ತಿಯೇನೂ ಆಗಿರಲಿಲ್ಲ. ಮೂರಂತಸ್ತಿನ ಮನೆ, ಕೊರಳಲ್ಲಿ ದಪ್ಪ ಸರ, ಬೀದಿಯ ಕೊನೆಯವರೆಗೆ ಕೇಳುವ ಬಾಯಿ. ಮೋಟಾರಿನ ಸ್ವಿಚ್ಚನ್ನು ತಾವು ಮಲಗುವ ಕೋಣೆಯಲ್ಲೇ ಹಾಕಿಸಿಕೊಂಡಿದ್ದರು. ಬಾಡಿಗೆಯವರ ಮನೆಯಲ್ಲಿ ಬಕೆಟ್ ತುಂಬಿ ಹರಿದರೆ ಕೆಳಗಿನಿಂದಲೇ ಮಂಗಳಾರತಿ ಎತ್ತುತ್ತಿದ್ದರು. ನಮ್ಮದು ರಾಣೆಬೆನ್ನೂರು ಕಡೆ ಎಂದು ಎಷ್ಟು ಸಲ ಹೇಳಿದರೂ ಅವರ ಪಾಲಿಗೆ ನಾನು "ಉಬ್ಳಿಯೋಳು". ತುಂಗಭದ್ರೆಯ ಆಚೆ ಇರುವುದೆಲ್ಲ ಅವರಿಗೆ ಹುಬ್ಬಳ್ಳಿಯೇ.

ನಾವು ಅಲ್ಲಿಗೆ ಹೋದಾಗ ಮಳೆ ಕೈಕೊಟ್ಟು ವರ್ಷಗಳಾಗಿದ್ದವು. ಬೋರ್‌ವೆಲ್ಲುಗಳು ಒಂದೊಂದಾಗಿ ಬತ್ತಿ, ಬೀದಿಗೆಲ್ಲ ಟ್ಯಾಂಕರೇ ಗತಿಯಾಗಿತ್ತು. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಮಕ್ಕಳು ಅದನ್ನು ಗ್ರೌಂಡ್ ಎನ್ನುತ್ತಿದ್ದವು. ಆಟೋದವರು, ಅಂಗಡಿಯವರು ಹಾಗೇ ಕರೆಯುತ್ತಿದ್ದರು, ಆಮೇಲೆ ನಾನು ಕೂಡ. ಓನರಮ್ಮನ ಮಗನೇ ಅಲ್ಲಿ ಕ್ರಿಕೆಟ್ ಟೂರ್ನಮೆಂಟ್ ನಡೆಸುತ್ತಿದ್ದ. ಆದರೆ ಓನರಮ್ಮನ ಎದುರು ಆ ಮಾತು ಆಡುವಂತಿರಲಿಲ್ಲ.

"ಗ್ರೌಂಡಂತೆ ಗ್ರೌಂಡು! ಕೆರೆ ಕಣೇ ಅದು. ನೀರು ನೆಂಟರ ಮನೆಗೋಗೈತೆ, ತಿರುಗಿ ಬತ್ತದೆ" ಎನ್ನುತ್ತಿದ್ದರು.

ಇವರಿಗೆ ಯಾಕೆ ಇಷ್ಟು ಹಠ ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಹೊಲಗಳನ್ನೆಲ್ಲ ಯಾವತ್ತೋ ಟೆಕ್ ಪಾರ್ಕಿಗೆ ಮಾರಿಯಾಗಿತ್ತು, ಕೆರೆಯ ನೀರಿನಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಅವರೇಕಾಳು ಹಿತಕುತ್ತಿದ್ದಾಗ ಕೇಳಿಯೇಬಿಟ್ಟೆ. ಅವರ ತವರು ಅತ್ತಿಬೆಲೆಯ ಆಚೆ. ಅಲ್ಲಿ ಕುಡಿಯುವ ನೀರಿಗೂ ಮೈಲಿಗಟ್ಟಲೆ ನಡೆಯಬೇಕಿತ್ತಂತೆ.

"ನಮ್ಮಪ್ಪ ಗಂಡಿನ ಮುಖ ನೋಡಿ ಎಣ್ಣು ಕೊಟ್ಟಿದ್ದಲ್ಲ ಕಣೇ. ಏರಿ ಮೇಲೆ ನಿಂತ್ಕೊಂಡು ಕೆರೆ ನೋಡ್ದ, ಅಲ್ಲೇ ಊಂ ಅಂದ್ಬಿಟ್ಟ. ನನ್ ಮಗಳು ಇನ್ನು ಬಿಂದಿಗೆ ಒತ್ಕೊಂಡು ಅಲೆಯಾಕಿಲ್ಲ ಅಂದ." ಬಾಗಿಲೊಳಗಿನ ಗೋಡೆಯ ಮೇಲಿದ್ದ ತೀರಿಹೋದ ಯಜಮಾನರ ಫೋಟೋದ ಕಡೆ ಒಮ್ಮೆ ನೋಡಿ, "ಗಂಡ ಎಂಗೋ ಇದ್ದ. ಕೆರೆ ಚೆನ್ನಾಗಿತ್ತು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅದಾದ ಮೇಲಿನ ಬೇಸಿಗೆಯಲ್ಲಿ ಮಗ ಒಂದು ಯೋಜನೆ ಹಾಕಿದ. ಹತ್ತಿರದಲ್ಲಿ ಯಾರೋ ಅಪಾರ್ಟ್‌ಮೆಂಟಿಗೆ ಪಾಯ ತೋಡಿಸುತ್ತಿದ್ದರು. ಆ ಮಣ್ಣನ್ನು ತಂದು ಕೆರೆಗೆ ಸುರಿದು ಮಟ್ಟ ಮಾಡಿದರೆ ಊರಿಗೊಂದು ಒಳ್ಳೆಯ ಆಟದ ಮೈದಾನ ಆಗುತ್ತದೆ ಎಂಬುದು ಅವನ ಲೆಕ್ಕ. ಅವನೇನು ಕೆಟ್ಟವನಲ್ಲ. ಊರಿನ ಅರ್ಧ ಜನ ಅವನ ಪರವಾಗಿಯೇ ಇದ್ದರು.

"ಬರೀ ಕಸ ಬೀಳ್ತಿದೆ ಅಲ್ಲಿ. ಗ್ರೌಂಡಾದ್ರೆ ಹುಡುಗ್ರಾದ್ರೂ ಆಡ್ಕೋತಾರೆ. ನೀರು ಇನ್ನೆಲ್ಲಿಂದ ಬರತ್ತಮ್ಮಾ?" ಎಂದ. ಓನರಮ್ಮ ಬೈದರು, ಕೂಗಾಡಿದರು, ಒಂದು ಹೊತ್ತು ಊಟ ಬಿಟ್ಟರು. ಎಲ್ಲವೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು.

ಟಿಪ್ಪರ್‌ಗಳು ಬರುವ ದಿನ ಬೆಳಗ್ಗೆ ಅವರು ಬಾಡಿಗೆಯ ಹೆಂಗಸರನ್ನೆಲ್ಲ ಎಬ್ಬಿಸಿದರು. ಅಕ್ಕಿ ಹಿಟ್ಟು, ಬೆಲ್ಲ ಕೊಟ್ಟು ತಂಬಿಟ್ಟು ಮಾಡಿಸಿದರು. ನಾವು ತಂಬಿಟ್ಟಿನ ಉಂಡೆಗಳಲ್ಲಿ ಗುಳಿ ಮಾಡಿ, ತುಪ್ಪದ ದೀಪ ಹಚ್ಚಿ, ತಟ್ಟೆ ಹೊತ್ತು ಹೊರಟೆವು. ಸೆರಗಿನಲ್ಲಿ ಮೂರು ಕಲ್ಲು ಕಟ್ಟಿಕೊಂಡು ಓನರಮ್ಮ ಮುಂದೆ. ಕೆರೆಯ ನಟ್ಟನಡುವೆ, ಹುಡುಗರ ಪಿಚ್ ಇದ್ದ ಜಾಗದಲ್ಲೇ ಆ ಕಲ್ಲುಗಳನ್ನು ನಿಲ್ಲಿಸಿ, ನಮ್ಮ ಕೈಯಲ್ಲಿ ಅರಿಶಿನ ಕುಂಕುಮ ಹಚ್ಚಿಸಿ, ಬೇವಿನ ಸೊಪ್ಪು ಸಿಕ್ಕಿಸಿದರು. ಗಂಗಮ್ಮನ ಪೂಜೆ! ಮಗ ಏರಿಯ ಮೇಲೆ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

ಮೊದಲ ಟಿಪ್ಪರ್ ಬಂತು. ಡ್ರೈವರು ಇಳಿದು ನೋಡಿದ. ಕಲ್ಲು, ಕುಂಕುಮ, ಉರಿಯುವ ದೀಪ. ಚಪ್ಪಲಿ ಬಿಟ್ಟು ಕೈಮುಗಿದ.

"ತಾಯಿ ಮ್ಯಾಲೆ ಮಣ್ಣು ಸುರಿಯಾಕ ನನ್ನ ಕೈಲಿ ಆಗಾಂಗಿಲ್ಲ ಬಿಡ್ರಿ" ಎಂದ. ನಮ್ಮ ಕಡೆಯ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಹಿಂದೆ ನಿಂತಿದ್ದ ಗಾಡಿಗಳೂ ರಿವರ್ಸ್ ತೆಗೆದುಕೊಂಡು ಹೋದವು. ಆ ಮಣ್ಣು ಮತ್ತೆ ಈ ಕಡೆ ಬರಲಿಲ್ಲ.

ಮನೆಗೆ ಬರುವಾಗ ಕೇಳಿದೆ. "ಅಲ್ಲಿ ಗಂಗಮ್ಮ ಯಾವ ಕಾಲದಿಂದ ಅದಾಳ್ರಿ?"

"ಈಗ್ತಾನೆ ಬಂದ್ಲಲ್ಲೇ, ಕಾಣ್ಲಿಲ್ವಾ?" ಎಂದರು.

ಗೆಳೆಯರ ಮುಂದೆ ಮುಖಭಂಗವಾಯಿತೆಂದು ಮಗ ತಾಯಿಯ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ, ಮಾತಿಲ್ಲ. ಅವನಿಗೆ ಇನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ಮೂರನೆಯವರೂ ಇರಲಿಲ್ಲ. ಹಾಗಾಗಿ ಅವರಿಬ್ಬರ ನಡುವೆ ನಾನೇ ಅಂಚೆಯವಳಾದೆ. ಅವನು ಎದುರಿಗೇ ನಿಂತಿರುತ್ತಿದ್ದ, ಅವರು ನನ್ನನ್ನು ಕೂಗುತ್ತಿದ್ದರು. "ಉಬ್ಳಿಯೋಳೇ, ಮುದ್ದೆ ಆರೋಗ್ತಾ ಐತೆ ಅಂತ ಏಳು ಅವನಿಗೆ." ಅವನು ಗೋಡೆ ನೋಡುತ್ತಾ, "ಅಕ್ಕ, ನಾನು ಹೊರಗೆ ತಿಂದೆ ಅಂತ ಹೇಳಿ" ಎನ್ನುತ್ತಿದ್ದ. ಮೊದಮೊದಲು ತಮಾಷೆ ಅನ್ನಿಸುತ್ತಿತ್ತು. ಆಮೇಲಾಮೇಲೆ ತಮಾಷೆ ಅನ್ನಿಸಲಿಲ್ಲ. ಒಮ್ಮೆ ತಟ್ಟೆಯಲ್ಲಿ ಹಾಗೇ ಉಳಿದ ಮುದ್ದೆಯನ್ನು ನೋಡುತ್ತಾ, "ಕೆರೆ ಉಳಿಸ್ಕಂಡೆ, ಮಗನ್ನ ಕಳ್ಕಂಡೆ ಕಣೇ" ಎಂದರು. ಆ ಗಟ್ಟಿ ಬಾಯಿ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ...

ಆಮೇಲೆ ನಮ್ಮ ಯಜಮಾನರ ಕೆಲಸ ಬದಲಾಗಿ ನಾವು ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋದೆವು. ಓನರಮ್ಮ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು.

ಮೊನ್ನೆ ಏರಿ ಹತ್ತಿ ನೋಡಿದರೆ, ನೀರು! ಕೋಡಿ ಮುಟ್ಟಲು ಇನ್ನೂ ಸ್ವಲ್ಪ ಬಾಕಿ ಇತ್ತು, ಆದರೆ ಪಿಚ್ಚೂ ಇಲ್ಲ, ಕಲ್ಲೂ ಇಲ್ಲ, ಎಲ್ಲ ಮುಳುಗಿ ಹೋಗಿತ್ತು. ಜೊಂಡಿನ ಹತ್ತಿರ ನೀರುಕೋಳಿಗಳು. ಏರಿಯ ಆಚೆ ತುದಿಯಲ್ಲಿ ಒಬ್ಬ ಕೋಲಿನಿಂದ ತೇಲುವ ಕಸ ಎಳೆದು ಹಾಕುತ್ತಿದ್ದ. ತಲೆ ಅರ್ಧ ನರೆತಿತ್ತು, ಆದರೂ ಗುರುತು ಹತ್ತಿತು. ಓನರಮ್ಮನ ಮಗ.

"ಹುಬ್ಳಿ ಅಕ್ಕ!" ಎಂದು ಅವನೇ ಓಡಿ ಬಂದ. ಕೆರೆಗೆ ನೀರು ತರುವ ಕಾಲುವೆಯಲ್ಲಿ ಕಸ, ಇಟ್ಟಿಗೆ ಚೂರು ತುಂಬಿ ಮುಚ್ಚಿಹೋಗಿತ್ತಂತೆ. ಅಮ್ಮ ಹೋದ ಮೇಲೆ ಇವನೂ ಟೂರ್ನಮೆಂಟಿನ ಹುಡುಗರೂ ಸೇರಿ ಅದನ್ನು ಬಿಡಿಸಿದರಂತೆ. ಈ ಸಲ ಮಳೆಯೂ ಕೈಹಿಡಿಯಿತು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆಮೇಲೆ ದನಿ ಇಳಿಯಿತು.

"ಮೊದಲ್ನೇ ದಿನ ಕಾಲುವೇಲಿ ನೀರು ನುಗ್ತಲ್ಲಕ್ಕ, ನಾನು ಅಲ್ಲೇ ನಿಂತಿದ್ದೆ. ಮೊಣಕಾಲ್ವರೆಗೂ ಬಂತು. ಖುಷಿಗೆ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ. ಮನೆ ತನಕ ಓಡ್ದೆ. ಅಮ್ಮಂಗೆ ಹೇಳೋಣ, ನಾನೇ ಹೇಳೋಣ ಅಂತ... ಗೇಟ್ ತೆಗೆದ್ಮೇಲೆ ಜ್ಞಾಪಕ ಬಂತು."

ಅವನು ನೀರಿನ ಕಡೆ ತಿರುಗಿ ನಿಂತ. ನನಗೆ ಅಳು ಬಂತು. ಅಳುವಿನ ಜೊತೆಗೇ ಸಂತೋಷವೂ ಆಯಿತು. ತಾಯಿ ಮಗನ ನಡುವೆ ಅಷ್ಟು ದಿನ ಮಾತು ಮುಟ್ಟಿಸಿದವಳು ನಾನು. ಇದೊಂದು ಮಾತನ್ನು ಮಾತ್ರ ನಾನೂ ಮುಟ್ಟಿಸಲಾರೆ.