ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಪ್ಪತ್ತಮೂರು ಫ್ಲಾಪಿ

ನಮ್ಮತ್ತೆಯ ಚಕ್ಕುಲಿ ಡಬ್ಬಕ್ಕೆ ಎಂಥ ಬಿಗಿಯಾದ ಮುಚ್ಚಳವಿತ್ತೆಂದರೆ, ಮನೆಯ ಉಪ್ಪನ್ನು ನೀರಾಗಿಸಿ, ಬೆಂಕಿಪೊಟ್ಟಣವನ್ನು ಮೆತ್ತಗಾಗಿಸಿ, ಬೀರುವಿನ ಬಾಗಿಲನ್ನು ಉಬ್ಬಿಸುವ ಮುಂಬಯಿಯ ಮಳೆಗಾಲ ಆ ಡಬ್ಬದ ಮುಂದೆ ಮಾತ್ರ ಸೋತು ನಿಲ್ಲುತ್ತಿತ್ತು. ತೊಂಬತ್ತರ ದಶಕ ಆಗಷ್ಟೇ ಕಣ್ಣುಬಿಟ್ಟಿದ್ದ ದಿನಗಳ ಒಂದು ಶನಿವಾರ ಸಂಜೆ, ಅದರಲ್ಲಿದ್ದ ಚಕ್ಕುಲಿಯನ್ನೆಲ್ಲ ತಟ್ಟೆಗೆ ಸುರಿದು, ಡಬ್ಬವನ್ನು ಒರೆಸಿ, ನಾನು ಅದರೊಳಗೆ ಇಪ್ಪತ್ತಮೂರು ಫ್ಲಾಪಿಗಳನ್ನು ಸಾಲಾಗಿ ಜೋಡಿಸಿಟ್ಟೆ. ಫ್ಲಾಪಿಯನ್ನು ಕಾಣದ ಕಿರಿಯ ಮಿತ್ರರಿಗೆ ಹೇಳಬೇಕಾದರೆ, ಅದೊಂದು ಅಂಗೈಯಗಲದ ಚೌಕ ಬಿಲ್ಲೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಏನು ಹೋಗಬೇಕಾದರೂ ಆಗ ಅದರ ಮೇಲೆಯೇ ಕೂತು ಹೋಗಬೇಕಿತ್ತು. ತೇವ ತಗುಲಿದರೆ ಅದಕ್ಕೆ ಬೂಷ್ಟು ಹಿಡಿಯುತ್ತಿತ್ತು, ಬೂಷ್ಟು ಹಿಡಿದರೆ ಅದಕ್ಕೆ ಮಾತು ನಿಲ್ಲುತ್ತಿತ್ತು.

"ಇದೇನೇ ಸುಮಿ, ತಿನ್ನೋ ಡಬ್ಬದಲ್ಲಿ ಪ್ಲಾಸ್ಟಿಕ್ ಬಿಲ್ಲೆ?" ಎಂದರು ಅತ್ತೆ.

"ಒಂದೇ ದಿನ ಅತ್ತೆ. ಇದರಲ್ಲಿ ಒಂದು ಆಪರೇಟಿಂಗ್ ಸಿಸ್ಟಂ ಇದೆ. ನಾಳೆ ಆ ಲ್ಯಾಪ್‌ಟಾಪಿಗೆ ಹಾಕ್ತೀನಿ."

"ಅದರಲ್ಲಿ ಆಗಲೇ ಒಂದು ಇದೆ ಅಂದಿದ್ದೆಯಲ್ಲ."

"ಇದು ಎರಡನೇದು."

ಅತ್ತೆ ಡಬ್ಬದೊಳಗೆ ಇಣುಕಿ, "ಮೊದಲನೇದು ಒಪ್ಪಿಕೊಳ್ಳತ್ತಾ?" ಎಂದು ಕೇಳಿದರು. ಮುಂದೆ ಎಷ್ಟೋ ವರ್ಷ ಕಂಪ್ಯೂಟರಿನ ಕೆಲಸದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ನಾನು, ಈ ವಿಷಯದಲ್ಲಿ ಇದಕ್ಕಿಂತ ಜಾಣ ಪ್ರಶ್ನೆಯನ್ನು ಕೇಳಿಲ್ಲ.

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಮುಂಬಯಿಯ ಕಾಂದಿವಲಿಗೆ ಬಂದಿದ್ದ ನಾನು ಆಗ ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಕಾರ್ಖಾನೆಗಳ ಬಾಯ್ಲರುಗಳ ಶಾಖವನ್ನು ಅಳೆಯುವ ಉಪಕರಣ ಮಾಡುವ ಹನ್ನೆರಡು ಜನರ ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಗಿರಾಕಿಗಳಿಗೆ ತೋರಿಸಲೆಂದು ಕಂಪನಿ ಒಂದು ಲ್ಯಾಪ್‌ಟಾಪ್ ಕೊಂಡಿತ್ತು. ತೊಡೆಯ ಮೇಲಿಡುವ ಯಂತ್ರವೆಂದು ಹೆಸರೇನೋ ಸರಿ. ಅರ್ಧ ಗಂಟೆ ಇಟ್ಟುಕೊಂಡರೆ ತೊಡೆ ಯಾರದೆಂದು ಕೇಳಬೇಕಾಗುವಷ್ಟು ಭಾರ. ಅದರೊಳಗಿನ ಪ್ರೋಗ್ರಾಮನ್ನು ಬರೆದವಳು ನಾನಾದರೂ ಅದನ್ನು ಹೊತ್ತು ಕಾರ್ಖಾನೆಗಳಿಗೆ ಹೋಗುತ್ತಿದ್ದವರು ನಮ್ಮ ಮಾಲೀಕ ನೇನೆ ಸಾಹೇಬರು. "ಸೈಟ್ ಪೇ ಲೇಡೀಸ್ ಕಾ ಕ್ಯಾ ಕಾಮ್, ಮಿಸೆಸ್ ರಾವ್" ಎಂದು, ಕಾರ್ಖಾನೆಯಲ್ಲಿ ಹೆಂಗಸರಿಗೇನು ಕೆಲಸ ಎಂಬರ್ಥದಲ್ಲಿ, ಅವರು ನಗುತ್ತ, ಯಾವ ಕೆಡುಕೂ ಇಲ್ಲದೆ ಹೇಳುತ್ತಿದ್ದರು. ಕೆಡುಕಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಆ ಯಂತ್ರವನ್ನು ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಂ ಡಾಸ್. ಪಾಪ, ಅದು ಏಕವ್ರತಸ್ಥ. ಒಂದು ಸಲಕ್ಕೆ ಒಂದೇ ಕೆಲಸ, ಒಂದು ಸಲಕ್ಕೆ ಒಂದೇ ಬಾಯ್ಲರು. ಆದರೆ ನಮ್ಮ ಕಪಾಟಿನಲ್ಲಿ, ಕೆಲಸ ಬಿಟ್ಟುಹೋದ ಯಾರೋ ತರಿಸಿಟ್ಟಿದ್ದ ಯುನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಇಪ್ಪತ್ತಮೂರು ಫ್ಲಾಪಿಗಳಲ್ಲಿ ನಿದ್ದೆ ಮಾಡುತ್ತಿತ್ತು. ಅದು ನಾಲ್ಕು ಕೆಲಸಗಳನ್ನು ಒಟ್ಟಿಗೆ ಮಾಡಬಲ್ಲದೆಂದು ಅದರ ಕೈಪಿಡಿಯಲ್ಲಿ ಓದಿದ ದಿನದಿಂದ ನನಗೆ ಹುಚ್ಚು ಹಿಡಿದಿತ್ತು. ಊಟದ ಬಿಡುವಿನಲ್ಲಿ, ಲೋಕಲ್ ರೈಲಿನಲ್ಲಿ, ಹಾಲು ಉಕ್ಕುವುದನ್ನು ಕಾಯುವಾಗ, ಆರು ತಿಂಗಳು ಕೂತು ನಾಲ್ಕು ಬಾಯ್ಲರುಗಳನ್ನು ಒಮ್ಮೆಗೇ ನೋಡಿಕೊಳ್ಳುವ ಪ್ರೋಗ್ರಾಮು ಬರೆದಿದ್ದೆ. ಅದನ್ನು ಓಡಿಸಲು ನೆಲವಿರಲಿಲ್ಲ, ಅಷ್ಟೆ. ಬೇಡಿ ಬೇಡಿ ಕೊನೆಗೆ ಒಂದು ಭಾನುವಾರದ ಮಟ್ಟಿಗೆ ಲ್ಯಾಪ್‌ಟಾಪ್ ಕೊಟ್ಟ ಸಾಹೇಬರು ಹೇಳಿದ್ದು ಒಂದೇ ಮಾತು: "ಸೋಮವಾರ ದಸ್ ಬಜೇ ಭಾಂಡುಪ್ ಮೇ ಡೆಮೋ ಹೈ. ಮಶೀನ್ ಜೈಸಾ ಥಾ ವೈಸಾ ಚಾಹಿಯೇ." ಸೋಮವಾರ ಹತ್ತಕ್ಕೆ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಪ್ರದರ್ಶನ, ಯಂತ್ರ ಇದ್ದ ಹಾಗೇ ವಾಪಸ್ ಬರಬೇಕು; ಬರದಿದ್ದರೆ ಏನೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಎರಡು ವ್ಯವಸ್ಥೆಗಳು ಒಂದೇ ಡಿಸ್ಕಿನಲ್ಲಿ ಬಾಳಬೇಕಾದರೆ ನಡುವೆ ಗೋಡೆ ಹಾಕಬೇಕು. ಒಂದು ಕೋಣೆಗೆ ಪ್ಲೈವುಡ್ ಹಾಕಿ ಎರಡು ಸಂಸಾರ ಮಾಡುವುದು ಮುಂಬಯಿಯವರಿಗೆ ಹೊಸದೇನಲ್ಲ. ಆದರೆ ಈ ಗೋಡೆ ಎಬ್ಬಿಸುವ ಮುನ್ನ ಕೋಣೆಯನ್ನು ಪೂರ್ತಿ ಬರಿದು ಮಾಡಬೇಕಿತ್ತು. ಇದ್ದದ್ದನ್ನೆಲ್ಲ ಬೇರೆ ಹದಿನಾಲ್ಕು ಫ್ಲಾಪಿಗಳಿಗೆ ನಕಲು ಮಾಡಿಕೊಂಡು, ಡಿಸ್ಕನ್ನು ಅಳಿಸಿ, ಎರಡು ಭಾಗ ಮಾಡಿ, ಹಳೆಯದನ್ನು ವಾಪಸ್ ತುಂಬಿ, ಆಮೇಲೆ ಹೊಸದನ್ನು ಕರೆಯಬೇಕು. ಭಾನುವಾರ ಬೆಳಗ್ಗೆ ನಮ್ಮವರು ಡ್ಯೂಟಿಗೆ ಹೋದ ಮೇಲೆ, ವಿಭಜನೆಗೆ ಮುಂಚೆ ಅತ್ತೆಯದೊಂದು ಭಜನೆಯೂ ಮುಗಿದ ಮೇಲೆ, ನಾನು, ಯಂತ್ರ ಕೇಳಿದ 'ಎಲ್ಲವೂ ಅಳಿಸಿಹೋಗುತ್ತದೆ, ಸರಿಯೇ?' ಎಂಬ ಪ್ರಶ್ನೆಗೆ ಹೌದೆಂದೆ. ಎಲ್ಲವೂ ಅಳಿಸಿಹೋಯಿತು. ಗೋಡೆ ಎದ್ದಿತು. ಹಳೆಯದನ್ನು ತುಂಬಲು ಮೂರನೆಯ ಫ್ಲಾಪಿ ಹಾಕಿದ್ದೆ, ಅಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಪಟಾಕಿಯಂಥ ಸದ್ದಾಗಿ ಫ್ಯಾನು ನಿಂತಿತು.

ಇಡೀ ಬಿಲ್ಡಿಂಗಿನ ಮುಖ್ಯ ಫ್ಯೂಸ್ ಸುಟ್ಟುಹೋಗಿತ್ತು. ವಾಚ್‌ಮನ್ನನ್ನು ಕೇಳಿದರೆ, ವೈರ್‌ಮನ್ ಊರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದ. ಲ್ಯಾಪ್‌ಟಾಪಿನ ಬ್ಯಾಟರಿಯ ಪ್ರಾಣ ಹತ್ತು ನಿಮಿಷದ್ದು. ನನ್ನ ಮುಂದೆ ಈಗ ಹಳೆಯದೂ ಇಲ್ಲದ, ಹೊಸದೂ ಇಲ್ಲದ ಒಂದು ಪೆಟ್ಟಿಗೆಯಿತ್ತು. ನಾನು ಅಳಲಿಲ್ಲ, ವಿಚಿತ್ರವೆಂದರೆ ನನಗೆ ನಗು ಬಂತು, ಪರೀಕ್ಷೆಯ ಹಾಲಿನಲ್ಲಿ ಬರಬಾರದ ಹೊತ್ತಿಗೆ ಬರುವಂಥ ನಗು.

"ನಗೋದು ಆಮೇಲೆ ನಗೀಯಂತೆ" ಎಂದರು ಅತ್ತೆ. "ಪಕ್ಕದ ಹೋಟೆಲಿನಲ್ಲಿ ಕರೆಂಟಿದೆ. ಅವರ ಲೈನು ಬೇರೆ."

ಈ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ಒಂದು ಹಿನ್ನೆಲೆ ಬೇಕು. ನಮ್ಮ ಬಿಲ್ಡಿಂಗಿಗೆ ಅಂಟಿಕೊಂಡೇ ಇದ್ದ ಸಂಜೀವ ಶೆಟ್ಟರ ಹೋಟೆಲಿಗೆ ಅತ್ತೆ ಕಾಂದಿವಲಿಗೆ ಬಂದ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಒಂದು ಸಲ ಮನೆಗೆ ತರಿಸಿದ ಸಾಂಬಾರಿನಲ್ಲಿ ಪಾಯಸದಷ್ಟು ಬೆಲ್ಲವಿತ್ತೆಂಬುದು ಅವರ ದೂರು. ಆ ಅತ್ತೆ ಈಗ ಒಂದು ಕೈಯಲ್ಲಿ ಚಕ್ಕುಲಿ ಡಬ್ಬ, ಇನ್ನೊಂದು ಕೈಯಲ್ಲಿ ಹಳೆಯ ಫ್ಲಾಪಿಗಳ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಹಿಂದೆ ನಾನು, ಮಗುವನ್ನೆತ್ತಿಕೊಂಡಂತೆ ಲ್ಯಾಪ್‌ಟಾಪ್ ಎತ್ತಿಕೊಂಡು.

ಭಾನುವಾರ ಹನ್ನೊಂದರ ರಶ್ಶು. ಶೆಟ್ಟರು ಗಲ್ಲಾದಲ್ಲಿ ಕೂತಿದ್ದರು.

"ಎಂತ ಅಮ್ಮ ಇದು, ಟೈಪ್‌ರೈಟರಾ?"

"ಕಂಪ್ಯೂಟರು" ಎಂದರು ಅತ್ತೆ, ತಾವೇ ಮಾಡಿದವರ ಹಾಗೆ. "ಅರ್ಧ ಆಗಿದೆ. ನಮ್ಮಲ್ಲಿ ಕರೆಂಟು ಹೋಯಿತು. ನಾಳೆ ಇದು ಏಳದಿದ್ದರೆ ನನ್ನ ಸೊಸೆ ಕೆಲಸ ಹೋಗತ್ತೆ."

ಶೆಟ್ಟರು ಒಮ್ಮೆ ಯಂತ್ರವನ್ನೂ ಒಮ್ಮೆ ನನ್ನನ್ನೂ ನೋಡಿ, ಎದ್ದು, ಹಿಂದಿನ ಗೋಡೆಯಲ್ಲಿದ್ದ ದೇವರ ಪಟದ ಮಿಣುಕು ದೀಪದ ಪ್ಲಗ್ಗನ್ನು ಕಿತ್ತರು. ಇಡೀ ಹೋಟೆಲಿನಲ್ಲಿ ಕೈಗೆ ಸಿಗುವಂಥ ಪ್ಲಗ್ಗು ಅದೊಂದೇ. "ದೇವರು ಅರ್ಧ ದಿನ ದೀಪ ಇಲ್ಲದೆ ಇರ್ತಾರೆ, ಅದಕ್ಕೆಂತ. ನೀವು ಕೂತ್ಕೊಳ್ಳಿ" ಎಂದು ಸೋಂಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗಲ್ಲಾದ ಮೇಲೆ ಜಾಗ ಮಾಡಿಕೊಟ್ಟರು.

ಹೀಗೆ, ಬಟಾಟೆವಡೆಯ ಹೊಗೆ ಒಂದು ಕಡೆಯಿಂದ, ಕಾಫಿಯ ಪರಿಮಳ ಇನ್ನೊಂದು ಕಡೆಯಿಂದ ಬರುತ್ತಿರುವಾಗ, ಡಾಸ್ ಮಹಾಶಯ ಹದಿನಾಲ್ಕು ಕಂತಿನಲ್ಲಿ ತನ್ನ ಅರ್ಧ ಮನೆಗೆ ವಾಪಸ್ ಬಂದ. ಅತ್ತೆ ಒಂದೊಂದೇ ಫ್ಲಾಪಿಯನ್ನು ಸೆರಗಿನಲ್ಲಿ ಒರೆಸಿ ಕೊಡುವುದು, ನಾನು ಹಾಕುವುದು. ಕೊನೆಯದು ಮುಗಿದು ಹಳೆಯ ಪ್ರೋಗ್ರಾಮು ಎಂದಿನಂತೆ ಎದ್ದಾಗ ನನ್ನ ಹೆಗಲು ಅರ್ಧ ಗೇಣು ಕೆಳಗಿಳಿಯಿತು. ಸೋಮವಾರ ಉಳಿಯಿತು. ಇಲ್ಲಿಗೆ ನಿಲ್ಲಿಸುವುದು ವಿವೇಕ. ಎರಡನೆಯದನ್ನು ಹಾಕುವಾಗ ಒಂದು ತಪ್ಪಾದರೆ ಮೊದಲನೆಯದೂ ಏಳದೆ ಹೋಗಬಹುದಿತ್ತು.

"ಸಾಕು ಅತ್ತೆ, ಹೋಗೋಣ" ಎಂದೆ.

ಅತ್ತೆ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದರು. "ಆರು ತಿಂಗಳು ಹಾಲು ಉಕ್ಕಿಸಿದ್ದೀಯ ಇದಕ್ಕೋಸ್ಕರ. ಒಲೆ ಒರೆಸಿದವಳು ನಾನು" ಎಂದು ಮೊದಲನೆಯ ಫ್ಲಾಪಿಯನ್ನು ನನ್ನ ಕೈಗಿಟ್ಟರು.

ಮಿತ್ರರೇ, ಆಮೇಲಿನ ಮೂರು ಗಂಟೆ ನನ್ನ ಬದುಕಿನ ಸಂಭ್ರಮದ ಹೊತ್ತುಗಳಲ್ಲೊಂದು. ಒಂದೊಂದು ಫ್ಲಾಪಿ ಮುಗಿದಾಗಲೂ ಯಂತ್ರ ಮುಂದಿನ ಸಂಖ್ಯೆ ಕೇಳುತ್ತಿತ್ತು. ಪರದೆಯನ್ನು ಇಣುಕಿ ನೋಡುತ್ತಿದ್ದ ಶೆಟ್ಟರು ಅಭ್ಯಾಸಬಲದಿಂದ, ಅಡುಗೆಮನೆಗೆ ಆರ್ಡರು ಕೂಗುವ ಧಾಟಿಯಲ್ಲೇ "ಐದೂ" ಎನ್ನುತ್ತಿದ್ದರು, ಅತ್ತೆ "ಐದು" ಎಂದು ಕೊಡುತ್ತಿದ್ದರು. ಬಿಲ್ಲು ಕೊಡಲು ಬಂದವರು ಸೋಂಪು ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತರು. "ಕ್ರಿಕೆಟ್ ದಿಖತಾ ಹೈ ಕ್ಯಾ ಇಸ್‌ಮೇ?" ಎಂದು, ಟಿ.ವಿ.ಯೆಂದುಕೊಂಡು, ಒಬ್ಬರು ಕೇಳಿದರು. ಹನ್ನೊಂದನೆಯ ಫ್ಲಾಪಿ ಕರಕರ ಎಂದು ಹಲ್ಲು ಕಡಿದು, ಓದಲಾರೆ ಎಂದು ಹಟ ಹಿಡಿಯಿತು. ಶೆಟ್ಟರು ಅದನ್ನು ಎರಡು ಬೆರಳಲ್ಲಿ ಹಿಡಿದು ಫ್ಯಾನಿನ ಕೆಳಗೆ ಐದು ನಿಮಿಷ ನಿಂತರು. ಮೂರನೆಯ ಸಲಕ್ಕೆ ಅದು ಬಾಯಿಬಿಟ್ಟಿತು. ಯಾರೋ ಚಪ್ಪಾಳೆ ತಟ್ಟಿದರು.

ಈ ನಡುವೆ ಕಾಫಿ ಬಂತು, ಇಡ್ಲಿ ಬಂತು. ಅತ್ತೆ ಸಾಂಬಾರನ್ನು ಚಮಚದ ತುದಿಯಲ್ಲಿ ಮುಟ್ಟಿ, ಶೆಟ್ಟರ ಮುಖ ನೋಡದೆ ಕೇಳಿದರು: "ಇಷ್ಟು ಸಿಹಿ ಯಾಕೆ ಹಾಕ್ತೀರಿ?"

"ಇಲ್ಲಿಯವರಿಗೆ ಸಿಹಿಯೇ ಬೇಕು ಅಮ್ಮ" ಎಂದರು ಶೆಟ್ಟರು, ಸ್ವಲ್ಪ ಸಂಕೋಚದಿಂದ. "ನಾನು ತಿನ್ನುದು ಇದಲ್ಲ. ನಮಗೆ ಒಳಗೆ ಬೇರೆ ಮಾಡುದುಂಟು. ತರಿಸ್ತೇನೆ, ಕೂತ್ಕೊಳ್ಳಿ."

ಒಳಗಿನ ಸಾಂಬಾರು ಬಂತು. ಅತ್ತೆ ಎರಡು ಸಲ ಹಾಕಿಸಿಕೊಂಡರು. ನಾನು ಹದಿನಾರನೆಯ ಫ್ಲಾಪಿ ಹಿಡಿದುಕೊಂಡು ಬೆರಗಾಗಿ ಕೂತೆ. ಒಂದೇ ಒಲೆಯಲ್ಲಿ ಊರಿಗೊಂದು, ತನಗೊಂದು ಸಾಂಬಾರು ಕುದಿಸುವ ಈ ಮನುಷ್ಯ. ಮನೆಯಲ್ಲಿ ಮೈಸೂರಿನ ಕನ್ನಡ, ರೈಲಿನಲ್ಲಿ ಹಿಂದಿ, ಆಫೀಸಿನಲ್ಲಿ ಮರಾಠಿಯ ತಲೆಗೆ ಇಂಗ್ಲಿಷಿನ ಬಾಲ ಕಟ್ಟಿ ಮಾತಾಡುವ ನಾನು. ಯಾರೂ ನಮ್ಮನ್ನು ಅಳಿಸಿ ಭಾಗ ಮಾಡಲಿಲ್ಲ, ಯಾವ ಬಾಗಿಲಲ್ಲಿ ಯಾವುದು ಏಳಬೇಕೆಂದು ಯಾರೂ ಕೇಳಲಿಲ್ಲ, ಆದರೂ ನಾವು ದಿನಕ್ಕೆ ಹತ್ತು ಸಲ ಬದಲಾಗಿ ಒಮ್ಮೆಯೂ ಕೆಟ್ಟು ನಿಲ್ಲುವುದಿಲ್ಲ. ಆ ಬಡಪಾಯಿ ಯಂತ್ರಕ್ಕೆ ಮಾತ್ರ ಇಪ್ಪತ್ತಮೂರು ಫ್ಲಾಪಿ ಬೇಕು.

ಇಪ್ಪತ್ತಮೂರನೆಯದೂ ಮುಗಿಯಿತು. ಯಂತ್ರ ಒಮ್ಮೆ ಕಣ್ಮುಚ್ಚಿ ಎದ್ದು, ಒಂದು ಒತ್ತಿದರೆ ಹಳೆಯದು, ಎರಡು ಒತ್ತಿದರೆ ಹೊಸದು ಎಂದಿತು. ಒಂದು ಒತ್ತಿದೆ, ಹಳೆಯದು ಇದ್ದ ಹಾಗೇ ಇತ್ತು. ಎರಡು ಒತ್ತಿದೆ; ಹೊಸದು ಬಂದು, ನೀನು ಯಾರು ಎಂದು ಕೇಳಿತು. ಒಡತಿಯಾಗಿ ನನ್ನದೊಂದು ಪಾಸ್‌ವರ್ಡ್ ಕೊಟ್ಟೆ. ಆಮೇಲೆ, ಸಂತೋಷಕ್ಕೆ, ಅತ್ತೆಯ ಹೆಸರಿನಲ್ಲೂ ಒಂದು ಖಾತೆ ತೆರೆದು, "ನಿಮಗೆ ಬೇಕಾದ ಪದ ಒತ್ತಿ. ಯಾರಿಗೂ ಹೇಳಬಾರದು" ಎಂದೆ. ಅವರು ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ.

"ಏನು ಹಾಕಿದಿರಿ ಅತ್ತೆ?"

"ಯಾರಿಗೂ ಹೇಳಬಾರದು ಅಂದೆಯಲ್ಲ."

"ನನಗೂ?"

"ನೀನೂ ಆ ಯಾರಿಗೂ ಅನ್ನೋದ್ರಲ್ಲೇ ಸೇರಿದವಳು ತಾನೆ?" ಎಂದು ಅವರು ಇನ್ನೊಂದು ಕಾಫಿ ತರಿಸಿಕೊಂಡರು. ನಾನು ಅಲ್ಲೇ ಕೂತು, ಆರು ತಿಂಗಳ ಪ್ರೋಗ್ರಾಮನ್ನು ಹೊಸ ಮನೆಗೆ ಹೊಂದಿಸಿ ಓಡಿಸಿದೆ. ಪರೀಕ್ಷೆಗೆಂದು ನಾನೇ ಕೊಟ್ಟ ನಾಲ್ಕು ಬಾಯ್ಲರುಗಳ ಅಂಕಿಗಳು ನಾಲ್ಕು ಸಾಲಿನಲ್ಲಿ ಒಟ್ಟಿಗೆ ಕುಣಿಯತೊಡಗಿದವು.

ಸೋಮವಾರ ಸಾಹೇಬರಿಗೆ ಯಂತ್ರ ಒಪ್ಪಿಸಿ, ಒಂದು ಎರಡರ ಲೆಕ್ಕ ಹೇಳಿದೆ. ಅವರು ಒಂದನ್ನು ಒತ್ತಿ, ಹಳೆಯದು ಎದ್ದದ್ದನ್ನು ನೋಡಿ, "ಗುಡ್" ಎಂದು ಹೇಳಿ ಚೀಲ ಹೊತ್ತು ಭಾಂಡುಪಿಗೆ ಹೊರಟುಹೋದರು. ನಾನು ಮೇಜಿನ ಮುಂದೆ ಕೂತೆ. ಹನ್ನೊಂದೂವರೆಗೆ ಫೋನು ಬಂತು. ಅಲ್ಲಿನ ಚೀಫ್ ಇಂಜಿನಿಯರು, ನಾಲ್ಕು ಬಾಯ್ಲರುಗಳನ್ನು ಒಟ್ಟಿಗೆ ತೋರಿಸಬಹುದೇ ಎಂದು ಕೇಳಿದ್ದರಂತೆ. ಸಾಹೇಬರು ಧೈರ್ಯ ಮಾಡಿ ಎರಡನ್ನು ಒತ್ತಿದ್ದರಂತೆ.

"ಮಿಸೆಸ್ ರಾವ್, ಪಾಸ್‌ವರ್ಡ್ ಪೂಛ್ ರಹಾ ಹೈ. ಜಲ್ದೀ ಬೋಲಿಯೇ."

ಹೇಳಿಬಿಡಲು ಬಾಯಿ ತೆರೆದೆ. ಆರು ಅಕ್ಷರ, ಅಷ್ಟೆ. ಆಗ ಗಲ್ಲಾದ ಮುಂದೆ ಕೂತು, ನನಗೂ ಹೇಳುವುದಿಲ್ಲವೆಂದಿದ್ದ ಅತ್ತೆಯ ಮುಖ ನೆನಪಾಯಿತು.

"ಪಾಸ್‌ವರ್ಡ್ ಫೋನ್ ಪೇ ನಹೀಂ ಬೋಲತೇ, ಸರ್" ಎಂದೆ. "ಮೈಂ ಆತೀ ಹೂಂ." ಫೋನಿನಲ್ಲಿ ಹೇಳುವಂತಿಲ್ಲ, ನಾನೇ ಬರುತ್ತೇನೆ ಎಂದು.

ಆ ಕಡೆ ಬಾಯ್ಲರಿನ ಸದ್ದಿನ ಮೇಲೆ ದನಿಯೇರಿಸಿ ಸಾಹೇಬರು, "ರಿಕ್ಷಾ ಲೇ ಲೀಜಿಯೇ" ಎಂದರು.

ಪವಾಯಿ ಕೆರೆಯ ದಂಡೆಯುದ್ದಕ್ಕೂ ಗಾಳಿಗೆ ಸೆರಗು ಹಾರಿಸಿಕೊಂಡು, ರಿಕ್ಷಾದಲ್ಲಿ ಒಬ್ಬಳೇ ನಗುತ್ತ ಹೋದೆ. ಕಾರ್ಖಾನೆಯೊಳಗೆ ಕಾಲಿಟ್ಟಾಗ ತಿಳಿಯಿತು, ನಾನು ಎರಡು ವರ್ಷ ಅಂಕಿಯಲ್ಲಿ ಮಾತ್ರ ನೋಡಿದ್ದ ಶಾಖ ನಿಜಕ್ಕೂ ಮುಖಕ್ಕೆ ಬಡಿಯುತ್ತದೆಂದು. ಚೀಫ್ ಇಂಜಿನಿಯರರು ತಲೆ ನರೆತ ಮನುಷ್ಯ. ನಾನು ಪಾಸ್‌ವರ್ಡ್ ಒತ್ತುವಾಗ ಸಭ್ಯತೆಯಿಂದ ಆ ಕಡೆ ತಿರುಗಿದರು. ನಾಲ್ಕು ಸಾಲುಗಳು ಮೂಡಿದವು. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಮೂರನೆಯ ಬಾಯ್ಲರಿನ ಮೇಲೆ ಬೆರಳಿಟ್ಟು, "ಈ ಮೂರನೆಯದು ಯಾವಾಗಲೂ ತಕರಾರಿನದು. ಇದನ್ನು ನಿಮ್ಮ ಪ್ರೋಗ್ರಾಮು ಹೇಗೆ ಕಾಯುತ್ತದೆ, ಹೇಳಿ" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆ ಪ್ರಶ್ನೆ ಕೇಳಿದ್ದು ನನ್ನನ್ನು.

ಹೇಳಿದೆ. ಒಂದೂವರೆ ಗಂಟೆ ಹೇಳಿದೆ. ನಡುವೆ ಯಾವಾಗಲೋ ಗಂಟಲೊಣಗಿ ಕೆಮ್ಮಿದಾಗ, ನೇನೆ ಸಾಹೇಬರು ಸದ್ದಿಲ್ಲದೆ ಎದ್ದುಹೋಗಿ, ಮೂರು ಗ್ಲಾಸು ಚಹಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲದ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತ ಬಂದು, ಮೊದಲನೆಯದನ್ನು ನನ್ನ ಮುಂದಿಟ್ಟರು.