ಊರಿಗೆಂದು ಎತ್ತಿಟ್ಟ ಮಂಡಿ

ನನ್ನ ಪಾಕೀಟಿನಲ್ಲಿ ಒಂದು ಪ್ಲಾಸ್ಟಿಕ್ ಕಾರ್ಡಿದೆ. ಆಸ್ಪತ್ರೆಯ ವಿಮೆಯದು. ಅದರ ಮೇಲೆ ನನ್ನ ಹೆಸರು, ಪಕ್ಕದಲ್ಲಿ ನನ್ನ ಹೆಂಡತಿಯ ಹೆಸರು, ನಾನು ಆಕೆಗೆ ಏನಾಗಬೇಕು ಎಂಬುದಕ್ಕೆ ಒಂದೇ ಒಂದು ಪದ: ಡಿಪೆಂಡೆಂಟ್. ಅವಲಂಬಿತ. ದುಬೈಯಲ್ಲಿ ಗಂಡಸರಿಗೆ ಜಂಬ ಕೊಚ್ಚಿಕೊಳ್ಳಲು ಬೇಕಾದಷ್ಟು ಸಾಮಾನುಗಳಿವೆ. ಕಾರಿದೆ, ಕೈಗಡಿಯಾರವಿದೆ, ಕಿಟಕಿಯಿಂದ ಸಮುದ್ರ ಕಾಣುವ ಫ್ಲ್ಯಾಟಿದೆ. ನಾನು ಇಷ್ಟು ವರ್ಷ ಜಂಬ ಕೊಚ್ಚಿಕೊಂಡದ್ದು ಈ ಕಾರ್ಡಿನ ಬಗ್ಗೆ. ಮುಂದಿನ ತಿಂಗಳು ಅದನ್ನು ವಾಪಸು ಕೊಡಬೇಕು. ಹೆಂಡತಿಗೆ ಅರವತ್ತು ತುಂಬುತ್ತದೆ, ಕೆಲಸ ಮುಗಿಯುತ್ತದೆ. ಕೆಲಸದ ಜೊತೆ ವೀಸಾ, ವೀಸಾದ ಜೊತೆ ಕಾರ್ಡು. ಇಲ್ಲಿಯ ಮಾತಿನಲ್ಲಿ ಹೇಳುವುದಾದರೆ, ಖಲಾಸ್.

ನಾನು ಹುಟ್ಟಾ ಅವಲಂಬಿತನೇನಲ್ಲ. ಬಂದದ್ದು ಸ್ವಂತ ವೀಸಾದಲ್ಲೇ. ರಾಸ್ ಅಲ್ ಖೋರ್‌ನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಕಣ್ಣು ಮುಚ್ಚಿ ಕೈಹಾಕಿದರೂ ಗಿರಾಕಿ ಕೇಳಿದ ಬೇರಿಂಗೇ ಕೈಗೆ ಬರುತ್ತಿತ್ತು. ಆಮೇಲೆ ಅಂಗಡಿಗೇ ಬೀಗ ಬಿತ್ತು. ನನ್ನ ಹೆಂಡತಿ ಐರಿನ್ ಆಸ್ಪತ್ರೆಯೊಂದರಲ್ಲಿ ನರ್ಸು. ‘ಮಗು ಸಣ್ಣದುಂಟು. ನೀನು ಮನೆಯಲ್ಲಿರು, ನನ್ನ ವೀಸಾಕ್ಕೆ ನಿನ್ನನ್ನು ಸೇರಿಸ್ತೇನೆ’ ಎಂದಳು. ಮದುವೆಯ ದಿನ ಇಗರ್ಜಿಯಲ್ಲಿ ಪಾದ್ರಿಗಳು ಕೇಳಿದ ಪ್ರಶ್ನೆಗೂ ನಾನು ಅಷ್ಟು ಬೇಗ ಒಪ್ಪಿಗೆ ಕೊಟ್ಟಿರಲಿಲ್ಲ.

ನಮ್ಮ ಊರಿನವರು ತುಂಬಿರುವ ಕರಾಮ ಬಡಾವಣೆಯ ಗೆಳೆಯರು ಸಾವಿನ ಮನೆಗೆ ಬರುವವರ ಹಾಗೆ ಬಂದು ಸಮಾಧಾನ ಹೇಳಿ ಹೋದರು. ಊರಲ್ಲಿ ನನ್ನ ತಾಯಿ ‘ಮಗನಿಗೆ ಈಗ ಮನೆಯಿಂದಲೇ ಮಾಡುವ ಕೆಲಸ’ ಎಂದು ನೆರೆಕರೆಗೆಲ್ಲ ಹೇಳಿದರು. ಅದರಲ್ಲಿ ಸುಳ್ಳೇನಿದೆ? ಮಗಳ ಜಡೆ ಹೆಣೆದೆ, ಶಾಲೆಯ ಬಸ್ಸಿನ ಹಿಂದೆ ಓಡಿದೆ, ಬಂಗುಡೆಗೆ ಮಸಾಲೆ ಅರೆದೆ. ಐರಿನ್ ನೈಟ್ ಡ್ಯೂಟಿ ಮುಗಿಸಿ ಬಾಗಿಲು ತಟ್ಟುವಾಗ ಒಲೆಯ ಮೇಲೆ ಗಂಜಿ ಬಿಸಿಯಾಗಿರುತ್ತಿತ್ತು. ಗಂಡಸು ಹೆಂಡತಿಯ ನೆರಳಿನಲ್ಲಿ ಬದುಕಬಾರದು ಎನ್ನುವವರು ಒಮ್ಮೆ ಜುಲೈ ತಿಂಗಳಲ್ಲಿ ದುಬೈಗೆ ಬರಬೇಕು. ಇಲ್ಲಿ ನೆರಳು ಯಾರದ್ದೆಂದು ಯಾರೂ ಕೇಳುವುದಿಲ್ಲ.

ಅಷ್ಟಕ್ಕೂ ವಿಮೆಯೆಂದರೆ ಹೊಸದೇನಲ್ಲ. ನಮ್ಮ ಹಿರಿಯರು ಅದನ್ನು ಹರಕೆ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಟೈಫಾಯ್ಡ್ ಬಂದಾಗ ತಾಯಿ ನನ್ನಷ್ಟೇ ಎತ್ತರದ ಮೇಣದಬತ್ತಿ ಕೊಡುತ್ತೇನೆಂದು ಸಂತರಿಗೆ ಹರಕೆ ಹೊತ್ತರಂತೆ. ಗುಣವಾದ ಮೇಲೆ ಅಪ್ಪ, ಮುಂದಿನ ವರ್ಷ ಕೊಟ್ಟರಾಯಿತು ಎಂದರು. ‘ಹುಡುಗ ಬೆಳೀತಾ ಇದ್ದಾನೆ, ಬತ್ತಿಯೂ ಬೆಳೀತದೆ’ ಎಂದು ತಾಯಿ ಆ ವಾರವೇ ನನ್ನನ್ನು ಗೋಡೆಗೆ ನಿಲ್ಲಿಸಿ ಹಗ್ಗದಲ್ಲಿ ಅಳತೆ ತೆಗೆದರು. ಕಂತು ಕಾಲಕಾಲಕ್ಕೆ ಏರುತ್ತದೆ ಎಂಬ ವಿಮೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಆ ಗೋಡೆಯ ಪಕ್ಕ. ನಮ್ಮ ನೆರೆಯ ಹಿಂದೂಗಳು ದೇವಸ್ಥಾನಕ್ಕೆ ಬೆಳ್ಳಿಯ ಕಣ್ಣು ಒಪ್ಪಿಸುತ್ತಿದ್ದರು, ಬ್ಯಾರಿಗಳು ದರ್ಗಾಕ್ಕೆ ಚಾದರ ಹೊದೆಸುತ್ತಿದ್ದರು. ಹರಕೆಯಲ್ಲಿ ಮೊದಲು ಗುಣ, ಆಮೇಲೆ ಕಂತು. ವಿಮೆಯಲ್ಲಿ ಮೊದಲು ಕಂತು, ಆಮೇಲೆ ಪ್ರಶ್ನೆ. ಈ ಕಾಯಿಲೆ ನಿಮಗೆ ಮೊದಲೇ ಇತ್ತೋ ಎಂದು ಯಾವ ಸಂತರೂ ಕೇಳಿದ್ದಿಲ್ಲ.

ಕಾರ್ಡಿದ್ದರೂ ನಾವು ಗಲ್ಫಿನವರು ಅದನ್ನು ಬಳಸುವುದು ಅಷ್ಟಕ್ಕಷ್ಟೇ. ಶೀತ, ಜ್ವರ, ಹೊಟ್ಟೆನೋವಿಗೆ ಸರಿ. ದೊಡ್ಡ ಕಾಯಿಲೆಗಳನ್ನೆಲ್ಲ ಊರಿಗೆಂದು ಎತ್ತಿಡುತ್ತೇವೆ. ಹಲ್ಲು ನೋವೇ? ಊರಿಗೆ ಹೋದಾಗ ತೋರಿಸುವ. ಕಣ್ಣಿನ ಪೊರೆಯೇ? ಊರಿಗೆ ಹೋದಾಗ ತೆಗೆಸುವ. ರಜೆಯಲ್ಲಿ ಮಂಗಳೂರಿನ ಯಾವುದೇ ಆಸ್ಪತ್ರೆಯ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಕರಾಮದ ಪರಿಚಯದವರೆಲ್ಲ ಸಿಗುತ್ತಾರೆ, ಒಂದು ಕೈಯಲ್ಲಿ ಎಕ್ಸ್‌ರೇ, ಇನ್ನೊಂದರಲ್ಲಿ ಡಾಕ್ಟರಿಗೆಂದು ತಂದ ಖರ್ಜೂರ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರು ಕಡಲು ದಾಟಿರಲಿಕ್ಕಿಲ್ಲ. ದಾಟಿದವರಿಗೆ ಹಿತ್ತಲ ಗಿಡವೊಂದೇ ಮದ್ದು.

ಬೇರೆಯವರ ಮಾತು ಬಿಡಿ, ಆಸ್ಪತ್ರೆಯಲ್ಲೇ ಜೀವ ತೇದ ಐರಿನ್ ಕೂಡ ಹೀಗೆಯೇ. ಆಕೆಯ ಬಲಮಂಡಿ ಕೆಲವು ವರ್ಷಗಳಿಂದ ನೋಯುತ್ತಿತ್ತು. ಅವಳದ್ದೇ ಆಸ್ಪತ್ರೆಯ ಮೂಳೆ ಡಾಕ್ಟರು ನೋಡಿ, ಮಂಡಿ ಬದಲಿಸಬೇಕು ಎಂದಿದ್ದರು. ‘ನಿವೃತ್ತಿ ಆಗಿ ಊರಿಗೆ ಹೋದ ಮೇಲೆ ಆರಾಮದಲ್ಲಿ ಮಾಡಿಸುದು’ ಎಂದು ಅವಳು ತೀರ್ಮಾನಿಸಿದ್ದಳು. ನಾನೂ ಹೂಂ ಅಂದಿದ್ದೆ. ಅವಲಂಬಿತನ ಕೆಲಸ ಅದೇ ತಾನೇ.

ಕೆಲವು ತಿಂಗಳ ಹಿಂದೆ, ಊರಿಗೆ ಹೋದ ಮೇಲಿನ ವಿಮೆಯನ್ನು ಆರಿಸುವ ಜವಾಬ್ದಾರಿ ನನ್ನ ಪಾಲಿಗೆ ಬಂತು. ಕರಾಮದ ನಮ್ಮ ಹಳೆಯ ಹೋಟೆಲಿನಲ್ಲಿ ನೀರುದೋಸೆ ಮುಂದಿಟ್ಟುಕೊಂಡು ವಿಷಯ ಎತ್ತಿದೆ. ದೋಸೆ ಆರುವ ಮೊದಲು ಮೇಜಿನ ಸುತ್ತ ಇದ್ದವರೆಲ್ಲ ವಿಮಾ ಪಂಡಿತರಾಗಿದ್ದರು. ಒಬ್ಬರು, ವಿಮೆಯೇ ದಂಡ ಎಂದರು. ಇನ್ನೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ, ‘ಮಂಡಿ ವಿಷಯ ಬಾಯಿ ಬಿಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ. ಮಂಡಿಗೆ ಬಾಯಿ ಉಂಟಾ, ಅದೇ ಹೋಗಿ ಹೇಳ್ಲಿಕ್ಕೆ?’ ಎಂದರು. ಅದು ನನಗೆ ಬಹಳ ಜಾಣತನದ ಮಾತಾಗಿ ಕಂಡಿತು. ಜಾಣರ ಮಾತು ನನಗೆ ಯಾವಾಗಲೂ ದೋಸೆಯ ಜೊತೆಗೇ ರುಚಿಸುವುದು.

ಮರುದಿನ ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಫ್ಲ್ಯಾಟಿಗೆ ಬಶೀರ್ ಭಾಯ್ ಬಂದರು. ನಮ್ಮ ಊರಿನ ಕಡೆಯವರೇ, ಗಲ್ಫಿನಿಂದ ಹಿಂತಿರುಗುವವರಿಗೆ ವಿಮೆ ಮಾಡಿಸಿಕೊಡುವವರು. ಊರಲ್ಲಿ ನಮ್ಮ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುತ್ತಾರೆ.

‘ಸಿಸ್ಟರಿಗೆ ಎಂತೆಲ್ಲ ಉಂಟು ಪೊರ್ಬುಗಳೇ?’

ಜಾಣತನವೆಲ್ಲ ಅಲ್ಲಿಗೇ ಮರೆತುಹೋಯಿತು. ‘ಸಕ್ಕರೆ ಸ್ವಲ್ಪ, ಮತ್ತೆ ಮಂಡಿ. ಅದನ್ನು ಊರಿಗೆ ಹೋಗಿ ಮಾಡಿಸುದು’ ಎಂದೆ, ಎಲ್ಲವನ್ನೂ ಮೊದಲೇ ಯೋಚಿಸಿಟ್ಟವನ ಗತ್ತಿನಲ್ಲಿ.

ಬಶೀರ್ ಭಾಯ್ ಚಹಾದ ಗ್ಲಾಸು ಕೆಳಗಿಟ್ಟರು. ‘ಊರಿನ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಎರಡು ಮೂರು ವರ್ಷ ಕಾಯ್ಬೇಕು. ಮಂಡಿ ಬದಲಿಸುದಕ್ಕೂ ಹಾಗೆಯೇ. ಅದಕ್ಕೆ ಮುಂಚೆ ಕೇಳಿದ್ರೆ ಮಾಫಿ, ಏನೂ ಸಿಗುದಿಲ್ಲ. ಮುಚ್ಚಿಟ್ರೆ ಪಾಲಿಸಿಯೇ ಮಾಫಿ.’

‘ಮತ್ತೆ ಎಂತ ಮಾಡುದು?’

‘ಇಲ್ಲಿಯ ಕಾರ್ಡಿಗೆ ಇನ್ನೂ ಜೀವ ಉಂಟಲ್ಲ? ಮಂಡಿ ಇಲ್ಲೇ ಮಾಡಿಸಿ. ಯಲ್ಲಾ, ತಡ ಮಾಡ್ಬೇಡಿ.’

ಊರಿಗೆ ಹೋಗುವವರು ಚಿನ್ನ ಒಯ್ಯುತ್ತಾರೆ, ಕಂಬಳಿ ಒಯ್ಯುತ್ತಾರೆ. ನಾವು ಸವೆದ ಮಂಡಿಯೊಂದನ್ನು ಜೋಪಾನವಾಗಿ ಒಯ್ಯಲು ಹೊರಟಿದ್ದೆವು. ಇಲ್ಲಿಯ ಕಾರ್ಡು ಸತ್ತಿರುತ್ತದೆ, ಅಲ್ಲಿಯದು ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ನಡುವೆ ಐರಿನ್ ವರ್ಷಗಟ್ಟಲೆ ಕುಂಟುತ್ತಿರುತ್ತಾಳೆ. ಮನೆಯನ್ನೆಲ್ಲ ಹೊತ್ತ ಕಾಲು ಅದು.

ಇದನ್ನು ಹೇಳಿದಾಗ ಐರಿನ್ ಒಪ್ಪಲಿಲ್ಲ. ‘ನನ್ನ ವಾರ್ಡಿನಲ್ಲಿ ನಾನೇ ಮಲಗುದಾ? ನಾನು ಕೆಲಸ ಕಲಿಸಿದ ಹುಡುಗಿಯರು ನನಗೆ ಬೆಡ್‌ಪ್ಯಾನ್ ಇಡ್ಬೇಕಾ? ಆಗುದಿಲ್ಲ. ಕೊನೆಯ ದಿನದವರೆಗೂ ನಿಂತೇ ಡ್ಯೂಟಿ ಮಾಡ್ತೇನೆ.’ ಅವಳ ಹೆಮ್ಮೆಯೂ ಸಣ್ಣದಲ್ಲ. ಅಬುಧಾಬಿಯಲ್ಲಿ ಸಂಸಾರ ಹೂಡಿರುವ ಮಗಳು ಶರಲ್‌ಗೆ ಫೋನು ಮಾಡಿದೆ. ಮಗಳು ಇಂಗ್ಲಿಷಿನಲ್ಲಿ ಬೈದಳು, ತಾಯಿ ಕೊಂಕಣಿಯಲ್ಲಿ ಉತ್ತರ ಕೊಟ್ಟು ಫೋನು ಇಟ್ಟಳು.

ಪಾಲಿಸಿಯ ಕೆಲಸವಂತೂ ಮುಂದುವರಿಯಿತು. ಬಶೀರ್ ಭಾಯ್, ‘ನಿಮ್ಮ ಹೆಸರಲ್ಲೇ ಮಾಡುವ ಪೊರ್ಬುಗಳೇ. ಗಂಡಸರ ಹೆಸರು ಮೊದಲಿದ್ರೆ ಚಂದ’ ಎಂದರು.

‘ಬೇಡ. ಅವಳ ಹೆಸರು ಮೊದಲು, ನನ್ನದು ಕೆಳಗೆ. ಈ ಪ್ರಾಯದಲ್ಲಿ ನನಗೆ ಪ್ರಮೋಷನ್ ಬೇಡ’ ಎಂದೆ. ಅಡುಗೆಮನೆಯಿಂದ ಐರಿನ್ ನಕ್ಕದ್ದು ಕೇಳಿಸಿತು.

ಪಾಲಿಸಿ ಕೊಡುವ ಮೊದಲು ಕಂಪೆನಿಯ ಡಾಕ್ಟರೊಬ್ಬರು ಊರಿನಿಂದ ಫೋನು ಮಾಡಿ ಆರೋಗ್ಯ ವಿಚಾರಿಸುತ್ತಾರೆ. ಒಂದು ಸಂಜೆ ಆ ಕರೆ ಬಂತು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಮೊದಲು ನನ್ನ ಸರದಿ. ಸಕ್ಕರೆ ಇಲ್ಲ, ಪ್ರೆಶರ್ ಇಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ತೂಕ ಕೇಳಿದಾಗ ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಉತ್ತರಿಸಿದೆ. ಆಮೇಲೆ ಐರಿನ್. ಅವಳು ಸೋಫಾದಲ್ಲಿ ಕಾಲು ಚಾಚಿ, ಮಂಡಿಯ ಮೇಲೆ ಐಸ್ ಚೀಲ ಇಟ್ಟುಕೊಂಡಿದ್ದಳು.

‘ಮೇಡಂ, ನಿಮ್ಮ ಆರೋಗ್ಯದ ಬಗ್ಗೆ ಹೇಳಿ’ ಎಂದಿತು ಆ ಕಡೆಯ ಹೆಣ್ಣುದನಿ.

ಐರಿನ್ ಬೆನ್ನು ನೆಟ್ಟಗೆ ಮಾಡಿದಳು. ಅವಳ ಸ್ವರ ಬದಲಾಯಿತು. ಆ ಸ್ವರ ನನಗೆ ಗೊತ್ತು. ಪಾಳಿ ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ಒಬ್ಬೊಬ್ಬ ರೋಗಿಯ ವಿವರವನ್ನೂ ಒಪ್ಪಿಸಬೇಕು. ಅದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಅಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟರೆ ಒಂದು ಜೀವ ಹೋದೀತು. ಅದಕ್ಕೇ ಐರಿನ್ ಮದುವೆ ಮನೆಯ ಸುದ್ದಿಯನ್ನು ಬೇಕಾದರೂ ಅರ್ಧ ಹೇಳಿಯಾಳು, ಹ್ಯಾಂಡೋವರಿನಲ್ಲಿ ಒಂದಕ್ಷರ ಬಿಡಲಾರಳು.

‘ಪೇಶೆಂಟ್ ಹೆಂಗಸು, ಐವತ್ತೊಂಬತ್ತು ವರ್ಷ. ಸಕ್ಕರೆ ಉಂಟು, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬಲಮಂಡಿ ಪೂರ್ತಿ ಸವೆದಿದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡೀತಾಳೆ. ಡ್ಯೂಟಿಗೆ ಮುಂಚೆ ನೋವಿನ ಮಾತ್ರೆ ತೆಗೊಳ್ತಾಳೆ, ಮನೆಯಲ್ಲಿ ಹೇಳುದಿಲ್ಲ.’

ನಾನು ಅವಳ ಮುಖ ನೋಡಿದೆ. ಅವಳು ಫೋನನ್ನೇ ನೋಡುತ್ತಿದ್ದಳು.

‘ನೋವಿಗೆ ಸರಿ ನಿದ್ರೆ ಇಲ್ಲ. ಗಂಡನಿಗೆ ಎಚ್ಚರ ಆಗ್ತದೇಂತ ಮಗ್ಗುಲು ಬದಲಿಸುದೂ ಇಲ್ಲ.’

‘ಮೇಡಂ, ಇದು ನಿಮ್ಮ ಬಗ್ಗೆಯೇ ಹೇಳ್ತಿದ್ದೀರಾ?’

‘ಹೌದು. ನಾನು ನರ್ಸು.’

‘ಹಾಗಾದರೆ ನೀವೇ ಹೇಳಿ ಸಿಸ್ಟರ್, ಈ ಪೇಶೆಂಟಿಗೆ ಏನು ಮಾಡಬೇಕು?’

ಐರಿನ್ ಐಸ್ ಚೀಲವನ್ನು ತೆಗೆದು ಕೆಳಗಿಟ್ಟಳು. ಬೇರೆ ಯಾರದೋ ಮಂಡಿಯನ್ನು ನೋಡುವವಳಂತೆ ತನ್ನ ಮಂಡಿಯನ್ನು ನೋಡಿದಳು. ‘ಈ ತಿಂಗಳೇ ಅಡ್ಮಿಟ್ ಮಾಡ್ಬೇಕು’ ಎಂದಳು. ‘ಇಷ್ಟು ದಿನ ಮುಂದೂಡಿದ್ದೇ ತಪ್ಪು.’

ಆಪರೇಷನ್ ಆದ ಮೇಲೆ ಕಾಗದಪತ್ರ ಕಳಿಸಿ, ಆಗ ಪಾಲಿಸಿಯ ವಿಷಯ ನೋಡೋಣ ಎಂದು ಹೇಳಿ ಡಾಕ್ಟರು ಫೋನಿಟ್ಟರು. ಪಕ್ಕದಲ್ಲೇ ಮಲಗಿ ಗೊರಕೆ ಹೊಡೆದವನಿಗೆ ಗೊತ್ತಿಲ್ಲದ ಸಂಗತಿ ಊರಿನ ಅಪರಿಚಿತ ಡಾಕ್ಟರಿಗೆ ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ತನ್ನ ಕಾಯಿಲೆಯ ಬಗ್ಗೆಯೂ ಸುಳ್ಳು ಹೇಳಲು ಬಾರದವಳ ಕೈಯಲ್ಲಿ ಎಷ್ಟು ಜನ ನೆಮ್ಮದಿಯಾಗಿ ಮಲಗಿದ್ದಾರೋ ಎಂದು ಯೋಚಿಸಿದೆ. ಅವರಲ್ಲಿ ನಾನೂ ಒಬ್ಬ.

ಅದೇ ತಿಂಗಳು ಅವಳದ್ದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕಾರ್ಡು ತನ್ನ ಕೊನೆಗಾಲದಲ್ಲಿ ಮಾಡಿದ ದೊಡ್ಡ ಕೆಲಸ ಅದು. ವಾರ್ಡಿನ ಹುಡುಗಿಯರು ಅವಳು ಹೆದರಿದಂತೆ ಕನಿಕರ ತೋರಿಸಲಿಲ್ಲ. ಸಿಸ್ಟರನ್ನು ನೋಡಿಕೊಳ್ಳುವ ಸರದಿ ತನ್ನದು ತನ್ನದು ಎಂದು ಜಗಳವಾಡಿದರು. ಐರಿನ್ ಮಲಗಿದಲ್ಲಿಂದಲೇ, ಪಕ್ಕದ ಹಾಸಿಗೆಯ ಬೆಡ್‌ಶೀಟಿನ ಮೂಲೆ ಸರಿಯಾಗಿ ಮಡಿಸಿಲ್ಲವೆಂದು ಅವರಿಗೆ ಬೈದಳು. ಬೈಸಿಕೊಂಡವರಿಗೂ ಅದರಿಂದ ಸಮಾಧಾನವೇ ಆದಂತಿತ್ತು.

ಈಗ ಊರಿನ ಪಾಲಿಸಿಯೂ ಬಂದಿದೆ. ಸಕ್ಕರೆ ತನ್ನ ಸರದಿಗೆ ಕಾಯಬೇಕು, ಕಾಯಲಿ. ಮೊದಲ ಹೆಸರು ಐರಿನ್‌ಳದ್ದು, ಕೆಳಗೆ ನಾನು. ಅವಳು ಮತ್ತೆ ಡ್ಯೂಟಿಗೆ ಹೋಗುತ್ತಿದ್ದಾಳೆ, ನೋವಿನ ಮಾತ್ರೆಯಿಲ್ಲದೆ. ಕೊನೆಯ ದಿನ ನಿಂತೇ ವಿದಾಯ ಹೇಳುವಳು, ಕುಂಟದೆ.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದ ಹೆಮ್ಮೆಯ ವಿಷಯವೇ ಬೇರೆ. ಆಪರೇಷನ್ನಿನ ಹೊಲಿಗೆ ತೋರಿಸಲು ಹೋದ ದಿನ ಐರಿನ್ ತನ್ನ ವಾರ್ಡಿಗೆ ನಡೆದೇ ಹೋಗುತ್ತೇನೆಂದು ಹಟ ಹಿಡಿದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ನನ್ನ ಹೆಗಲ ಮೇಲೆ. ಉದ್ದನೆಯ ಕಾರಿಡಾರಿನಲ್ಲಿ ಮೆಲ್ಲಮೆಲ್ಲನೆ ಹೋದೆವು. ಹೊಸದಾಗಿ ಸೇರಿದ ನರ್ಸೊಬ್ಬಳು ಎದುರಾಗಿ, ‘ಸಿಸ್ಟರ್, ಇವರು ಯಾರು?’ ಎಂದು ಕೇಳಿದಳು.

ಐರಿನ್ ನಿಂತಳು. ಉಸಿರು ಎಳೆದುಕೊಂಡಳು. ಮೈಯ ಭಾರವನ್ನೆಲ್ಲ ನನ್ನ ಹೆಗಲ ಮೇಲೆ ಬಿಟ್ಟು, ಒಂದಿಷ್ಟೂ ನಗದೆ ಹೇಳಿದಳು: ‘ಇವರಾ? ನನ್ನ ಡಿಪೆಂಡೆಂಟ್.’

ನಾನು ಇನ್ನಷ್ಟು ನೆಟ್ಟಗೆ ನಿಂತೆ. ಅಂದಿನಿಂದ ಎಡಹೆಗಲು ಸ್ವಲ್ಪ ಹಿಡಿದುಕೊಂಡಂತಿದೆ. ದೊಡ್ಡದೇನಲ್ಲ, ಊರಿಗೆ ಹೋದಾಗ ತೋರಿಸಿದರಾಯಿತು.