ಸ್ವಭಾವತಃ ಅಸ್ಥಿರ

ಛಾಪಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕೊಂಬಕ್ಕ ಎಂದೇ. ಅವಳದು ಪ್ರೂಫ್ ನೋಡುವ ಕೆಲಸ. ಬೇರೆಯವರ ಕಣ್ಣು ತಪ್ಪಿಸಿ ಹೋದ ಕೊಂಬು, ಒತ್ತು, ಸೊನ್ನೆಗಳೆಲ್ಲ ಅವಳ ಕೆಂಪು ಪೆನ್ನಿಗೆ ಸಿಕ್ಕಿಬೀಳುತ್ತಿದ್ದವು. ಯಾರದೋ ಮದುವೆಯ ಕಾಗದದಲ್ಲಿ 'ವಧು' ಎಂದಿರಬೇಕಾದಲ್ಲಿ ಕೊಂಬು ಉದುರಿ 'ವಧ' ಆಗಿದ್ದನ್ನು ಕಂಡು, ಓಡುತ್ತಿದ್ದ ಮಷಿನ್ ನಿಲ್ಲಿಸಿದವಳು ಅವಳು. "ಈಯಮ್ಮನ ತಲೆ ಮೇಲೇ ಎರಡು ಕೊಂಬಿವೆ, ಇನ್ನು ಅಕ್ಷರದ ಕೊಂಬು ಕಾಣದೆ ಇರುತ್ತಾ?" ಎಂದು ಮಷಿನ್ನಿನವನು ಗೊಣಗಿದ. ಹೆಸರು ಅಲ್ಲಿಂದ ಅಂಟಿಕೊಂಡಿತು. ಅವಳಿಗೆ ಒಳಗೊಳಗೇ ಅದು ಇಷ್ಟವೇ ಆಗಿತ್ತು.

ಗಂಡ ಬಸ್ ಡಿಪೋದಲ್ಲಿ ಚಾಲಕ. ಐದು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿ ಬಂದವನಾದ್ದರಿಂದ ಡಿಪೋದವರು ಅವನಿಗೆ ಮಿಲಿಟ್ರಿ ಎನ್ನುತ್ತಿದ್ದರು. ಅವನಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ. ಆದರೆ ಬೇಡ ಎಂದೂ ಅನ್ನುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬಾಗಿಲು ಯಾರಾದರೂ ಧಡ್ ಎಂದು ಹಾಕಿದರೆ ಮಾತ್ರ ಕೈಯಲ್ಲಿದ್ದ ಲೋಟ ಬಿಟ್ಟು ಗೋಡೆಗೆ ಒತ್ತಿಕೊಂಡು ಕೂತುಬಿಡುತ್ತಿದ್ದ. ಮಗಳು ನಾಲ್ಕು ವರ್ಷದವಳಾಗುವಷ್ಟರಲ್ಲೇ ಬಾಗಿಲನ್ನು ಮೆಲ್ಲಗೆ ಮುಚ್ಚುವುದನ್ನು ಕಲಿತಿದ್ದಳು. ಆ ಮನೆಯಲ್ಲಿ ಅದು ಊಟ ಮಾಡಿ ಕೈ ತೊಳೆಯುವಷ್ಟೇ ಸಹಜವಾಗಿತ್ತು.

ಮಗಳಿಗೆ ಹದಿನೇಳಾದಾಗ ದಾದಿಯರ ಕಾಲೇಜಿಗೆ ಅರ್ಜಿ ಹಾಕಿದರು. ಮಾಜಿ ಸೈನಿಕರ ಮಕ್ಕಳಿಗೆಂದು ಅಲ್ಲಿ ಕೆಲವು ಸೀಟುಗಳಿದ್ದವು. ಅಪ್ಪನ ಬಿಡುಗಡೆ ಪತ್ರದ ನಕಲು ಬೇಕು ಎಂದರು. ಅವನು ಟ್ರಂಕಿನ ತಳದಿಂದ ಅದನ್ನು ತೆಗೆದು, ಮಡಿಕೆ ಬಿಚ್ಚದೆಯೇ ಮಗಳ ಕೈಗಿಟ್ಟ. ಇಂಥ ಬಿಡುಗಡೆಯವರ ಮಕ್ಕಳಿಗೆ ಸೀಟಿಲ್ಲ ಎಂದು ಹದಿನೈದು ದಿನದಲ್ಲಿ ಅರ್ಜಿ ವಾಪಸು ಬಂತು. ಅಂದು ಕೊಂಬಕ್ಕ ಮೊದಲ ಸಲ ಆ ಕಾಗದವನ್ನು ಓದಿದಳು. ಬಿಡುಗಡೆಗೆ ಕಾರಣ ಎಂಬಲ್ಲಿ ಹೀಗೆ ಬರೆದಿತ್ತು: 'ಸ್ವಭಾವತಃ ಅಸ್ಥಿರ. ಸೇವೆಗೆ ಅನರ್ಹ. ದೋಷವು ಸೇವೆಗೆ ಮುಂಚಿನದು.'

"ರೀ, ಏನಿದು?"

"ಹಳೇ ಕಾಗದ. ಒಳಗಿಡು."

"ಸ್ವಭಾವತಃ ಅಂದ್ರೆ ಹುಟ್ಟಿದಾಗಿಂದ ಅಂತ. ನೀವು ಹುಟ್ಟಿದಾಗಿಂದ ಹೀಗಿದ್ರಾ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ವಾರವಿಡೀ ಅವಳು ಬಿಡಲಿಲ್ಲ. ಕೊನೆಗೆ ಒಂದು ಭಾನುವಾರ ಬಟ್ಟೆ ಹಿಂಡುತ್ತಾ ಅವನು ಹೇಳಿದ್ದು ಇಷ್ಟು. ಅವನ ಲಾರಿಯಲ್ಲಿ ಜನ ಸತ್ತಿದ್ದರು; ಅದಾದ ಮೇಲೆ, ಬಿಡುಗಡೆಗೆ ಮುಂಚೆ, ಒಬ್ಬ ಡಾಕ್ಟರು ಅವನನ್ನು ನೋಡಿದ್ದರು. ಕಾಲುಗಂಟೆಯೂ ಆಗಿರಲಿಲ್ಲ. ಅಪ್ಪ ಕುಡಿಯುತ್ತಿದ್ದನಾ ಎಂದು ಕೇಳಿದರು. ಇಲ್ಲ ಎಂದ. ಶಾಲೆಯಲ್ಲಿ ಯಾರ ಜೊತೆಗಾದರೂ ಹೊಡೆದಾಡಿದ್ದೆಯಾ ಎಂದರು. ಹೌದು ಸಾರ್, ಒಂದು ಸಲ, ಪೆನ್ಸಿಲ್ಲಿಗೆ ಎಂದ. ಡಾಕ್ಟರು ಅಷ್ಟನ್ನೇ ಬರೆದುಕೊಂಡರು.

"ಪೆನ್ಸಿಲ್ಲಿಗೆ ಹೊಡೆದಾಡಿದ್ದಕ್ಕೆ ಸ್ವಭಾವತಃ ಅಸ್ಥಿರನಾ?" ಕೊಂಬಕ್ಕನಿಗೆ ಮೈ ಉರಿಯಿತು. "ಹಾಗಾದ್ರೆ ನಮ್ಮ ಛಾಪಖಾನೇಲಿ ಒಬ್ಬರೂ ಸ್ಥಿರ ಇಲ್ಲ. ಇದು ತಪ್ಪು. ತಿದ್ದಿಸ್ತೀನಿ."

"ಬಿಡೇ. ಹೇಗೋ ಬದುಕಿದ್ದೀವಲ್ಲ."

ಅವಳು ಬಿಡಲಿಲ್ಲ.

ಸೈನ್ಯದ ದಾಖಲೆಗಳನ್ನು ಮರುಪರಿಶೀಲಿಸುವ ಕಚೇರಿ ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯ ಹಿಂದೆ ಒಬ್ಬ ಗುಮಾಸ್ತ. ಕೆಟ್ಟವನಲ್ಲ. ಯಾವಾಗ ಹೋದರೂ ನಗುನಗುತ್ತಾ ಮಾತಾಡಿಸುತ್ತಿದ್ದ, ಪ್ರತಿ ಸಲವೂ ಹೊಸದೊಂದು ಕೊರತೆ ಹೇಳಿ ಕಳಿಸುತ್ತಿದ್ದ. ಅರ್ಜಿ ಮೂರು ಪ್ರತಿ ಬೇಕಿತ್ತು, ಎರಡೇ ಇದೆ. ಸಹಿ ಕಪ್ಪು ಶಾಯಿಯಲ್ಲಿರಬೇಕು. ಈ ನಮೂನೆ ಹಳೆಯದು, ಹೋದ ತಿಂಗಳು ಬದಲಾಯಿತು. ಕೊಂಬಕ್ಕ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಊಟ ಬಿಟ್ಟು ಅಲ್ಲಿಗೆ ಓಡುತ್ತಿದ್ದಳು. ಒಂದು ವರ್ಷದ ಕೊನೆಗೆ ಗುಮಾಸ್ತ ಅಸಲು ವಿಷಯ ಹೇಳಿದ: "ಮೇಡಂ, ಎರಡು ಬೇಕು. ಅಲ್ಲಿ ಏನೋ ಆಗಿತ್ತು ಅನ್ನೋಕೆ ಜೊತೆಗಿದ್ದವರ ಹೇಳಿಕೆ. ಅದರಿಂದಲೇ ಕಾಯಿಲೆ ಬಂತು ಅನ್ನೋಕೆ ಸರ್ಕಾರಿ ಡಾಕ್ಟರ ಪತ್ರ. ಇವೆರಡೂ ಇಲ್ಲದೆ ನೀವು ಎಷ್ಟು ಚೆಂದ ಬರೆದ್ರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆ."

ಗಂಡನ ಆಗಿನ ಮೇಲಧಿಕಾರಿ ನಿವೃತ್ತನಾಗಿ ಪಕ್ಕದ ಊರಿನಲ್ಲಿದ್ದ. ಕೊಂಬಕ್ಕ ಒಬ್ಬಳೇ ಹೋದಳು. ಅವನು ಕುರ್ಚಿ ಕೊಟ್ಟ, ಚಹಾ ಕೊಟ್ಟ, ಅವಳ ಗಂಡನ ಹೆಸರು ಕೇಳಿದ್ದೇ ಕನ್ನಡಕ ತೆಗೆದು ಒರೆಸತೊಡಗಿದ.

"ಒಳ್ಳೇ ಹುಡುಗ. ಅವನ ಹಾಗೆ ಗಾಡಿ ಓಡಿಸೋರು ನಮ್ಮಲ್ಲಿ ಇರಲಿಲ್ಲ."

"ಅದನ್ನೇ ಬರೆದು ಕೊಡಿ ಸಾರ್. ಅವತ್ತು ಆಗಿದ್ದನ್ನೂ ಬರೀರಿ."

"ಬರೆದ್ರೆ, ಆ ದಾರೀಲಿ ಲಾರಿ ಕಳಿಸಿದ್ದು ಯಾರು ಅಂತ ಕೇಳ್ತಾರಮ್ಮ." ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಚಹಾ ಆರಿಹೋಗುತ್ತೆ, ಕುಡಿ."

ಅವಳು ಕುಡಿಯದೆ ಎದ್ದು ಬಂದಳು.

ಹೇಳಿಕೆ ಕೊಟ್ಟವನು ಒಬ್ಬ ಕ್ಷೌರಿಕ. ಅವತ್ತು ಲಾರಿಯ ಹಿಂಭಾಗದಲ್ಲಿದ್ದು ಬದುಕುಳಿದವನು ಅವನೊಬ್ಬನೇ. ಅವನನ್ನು ಹುಡುಕಲು ಅವಳಿಗೆ ಹತ್ತು ತಿಂಗಳು ಹಿಡಿಯಿತು. ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿದ್ದನ್ನು ಹಾಗೇ ಬಿಟ್ಟು, ಕೈ ಒರೆಸಿಕೊಂಡು ಬಂದು ಸಹಿ ಹಾಕಿದ. "ಅವನು ಇನ್ನೂ ಸ್ಟೀರಿಂಗ್ ಹಿಡೀತಾನಾ? ಗಟ್ಟಿಗ," ಎಂದಷ್ಟೇ ಹೇಳಿದ.

ಡಾಕ್ಟರ ಪತ್ರ ಅದಕ್ಕಿಂತ ಕಷ್ಟವಾಯಿತು. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಗಂಡನೇ ಬರಬೇಕು, ಅವನೇ ಹೇಳಬೇಕು. "ನಾ ಬರಲ್ಲ," ಎಂದ. ಅವಳು ಅತ್ತಳು, ಮಾತು ಬಿಟ್ಟಳು, ಮಗಳ ಕೈಲಿ ಹೇಳಿಸಿದಳು. ಕಡೆಗೆ ಬಂದ. ಡಾಕ್ಟರು ವಯಸ್ಸಾದ ಹೆಂಗಸು, ಅವಸರವಿಲ್ಲದವರು. ಕೊಂಬಕ್ಕ ಪಕ್ಕದಲ್ಲೇ ಕೂತಿದ್ದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಅಲ್ಲಿ ಕೂತು ಗಂಡನ ಬಾಯಿಂದ ಮೊದಲ ಸಲ ಕೇಳಿದಳು. ಲಾರಿ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಹಾಯ್ದಿತ್ತು. ಹಿಂಭಾಗದಲ್ಲಿ ಹನ್ನೆರಡು ಜನರಿದ್ದರು. ಮುಂಭಾಗ ಉಳಿದಿತ್ತು, ಎಂಜಿನ್ ನಡೆಯುತ್ತಿತ್ತು. ನರಳುವ ಸದ್ದು ಕೇಳುತ್ತಿದ್ದುದರಿಂದ ಅವನು ನಿಲ್ಲಿಸದೆ ಎರಡು ಗಂಟೆ ಓಡಿಸಿದ. ದಾರಿಯುದ್ದಕ್ಕೂ, ಬಂದೇಬಿಡ್ತು, ಬಂದೇಬಿಡ್ತು ಎಂದು ಹಿಂದಿನವರಿಗೆ ಕೂಗಿ ಹೇಳುತ್ತಲೇ ಇದ್ದ. ಶಿಬಿರದಲ್ಲಿ ಹಿಂಬಾಗಿಲು ಧಡ್ ಎಂದು ಕಳಚಿದಾಗ ಅವನೂ ಇಳಿದು ನೋಡಿದ. ಉಸಿರಿದ್ದದ್ದು ಒಬ್ಬನಿಗೆ.

ಮೂರು ಸಲ ಹೋದರು. ಪತ್ರ ಸಿಕ್ಕಿತು. ಆದರೆ ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದನ್ನು ಬಿಚ್ಚಿದ ಮೇಲೆ ಅವನು ಹಾಗೇ ಉಳಿಯಲಿಲ್ಲ. ಊಟದ ಮಧ್ಯೆ ಎದ್ದುಹೋಗುತ್ತಿದ್ದ. ಮಗಳು ಏನಾದರೂ ಕೇಳಿದರೆ ಯಾರೋ ಎಂಬಂತೆ ನೋಡುತ್ತಿದ್ದ. "ಹುಣ್ಣು ಕೆರೆದ್ರೆ ರಕ್ತ ಬರದೆ ಇರುತ್ತಾ ಅಮ್ಮ?" ಎಂದಳು ಮಗಳು. ಅವಳು ಆಗಲೇ ಬೇರೆ ಕೋರ್ಸು ಮುಗಿಸಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ದಾದಿಯರ ಕಾಲೇಜಿನ ವಯಸ್ಸು ದಾಟಿತ್ತು. ಇನ್ನು ಯಾರಿಗಾಗಿ ಎಂದು ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೊಂಬಕ್ಕ ಹೇಳಲೂ ಇಲ್ಲ.

ಆರನೇ ವರ್ಷ ವಿಚಾರಣೆಗೆ ಕರೆ ಬಂತು. ಉದ್ದನೆಯ ಮೇಜು, ಮೂವರು ಅಧಿಕಾರಿಗಳು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ನಡುವೆ ಕೂತವರು ಕಾಗದಗಳನ್ನು ಹಿಂದೆಮುಂದೆ ತಿರುವಿದರು.

"ಇಷ್ಟೊಂದು ಕಾಯಿಲೆ ಇದ್ರೆ ಇಪ್ಪತ್ತೈದು ವರ್ಷ ಬಸ್ ಹೇಗ್ರೀ ಓಡಿಸಿದ್ರಿ?"

ಕೊಂಬಕ್ಕ ಈ ಪ್ರಶ್ನೆಗೆ ಉತ್ತರ ಬರೆದು, ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಅವನು ಅದನ್ನು ಹೇಳಲಿಲ್ಲ.

"ಬಸ್ಸಲ್ಲಿ ಜನ ತಾವೇ ನಡ್ಕೊಂಡು ಇಳೀತಾರೆ ಸಾರ್," ಎಂದ.

ನಡುವೆ ಕೂತವರು ಕಡತ ಮುಚ್ಚಿ ಪಕ್ಕಕ್ಕಿಟ್ಟರು.

ಎರಡು ತಿಂಗಳಿಗೆ ಆದೇಶ ಬಂತು. ಕೊಂಬಕ್ಕ ಅದನ್ನು ಛಾಪಖಾನೆಯಲ್ಲಿ ನಿಂತುಕೊಂಡೇ ಓದಿದಳು. 'ಸ್ವಭಾವತಃ ಅಸ್ಥಿರ' ಎಂಬುದನ್ನು ತೆಗೆದುಹಾಕಿದ್ದರು. ಅದರ ಜಾಗದಲ್ಲಿ, 'ಸೇವೆಯಲ್ಲಿ ಉಂಟಾದ ಮಾನಸಿಕ ಆಘಾತದಿಂದ ಬಂದ ಕಾಯಿಲೆ. ಈಗಲೂ ಮುಂದುವರಿದಿದೆ.' ಮಷಿನ್ನಿನವನೂ ಬಂದು ನೋಡಿ, "ಗೆದ್ದುಬಿಟ್ಟೆಯಲ್ಲ ಕೊಂಬಕ್ಕ!" ಎಂದ. ಎಲ್ಲರಿಗೂ ಸಿಹಿ ಹಂಚಿದಳು. ಆ ಹಾಳೆಯ ಕೊನೆಗೆ ಸಣ್ಣಕ್ಷರದಲ್ಲಿದ್ದ ಸಾಲನ್ನು ಓದಿದ್ದಳು, ಅದರಲ್ಲೇನೂ ತಪ್ಪು ಕಾಣದೆ ಮುಂದೆ ಹೋಗಿದ್ದಳು: 'ಪ್ರತಿ: ಪ್ರಸ್ತುತ ಕೆಲಸ ನೀಡಿರುವವರ ಮಾಹಿತಿಗಾಗಿ.'

ಮುಂದಿನ ಸೋಮವಾರ ಡಿಪೋದಲ್ಲಿ ಅವನ ಬಸ್ಸಿನ ಕೀ ಬೇರೆಯವನ ಕೈಲಿತ್ತು.

ಕೊಂಬಕ್ಕ ಓಡಿಹೋದಳು. ಡಿಪೋ ಮ್ಯಾನೇಜರ್ ಆದೇಶದ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡೇ ಕಾದಿದ್ದ.

"ಇಪ್ಪತ್ತೈದು ವರ್ಷದಲ್ಲಿ ಒಂದು ಅಪಘಾತ ಇಲ್ಲ ಸಾರ್. ಒಂದು ಗೀರು ಇಲ್ಲ. ನಿಮಗೇ ಗೊತ್ತು."

"ಗೊತ್ತಮ್ಮ, ನಂಗೆ ಗೊತ್ತು. ಆದ್ರೆ ಕಾಯಿಲೆ ಮುಂದುವರಿದಿದೆ ಅಂತ ಸರ್ಕಾರಾನೇ ಬರೆದಿದೆ. ನಾಳೆ ಏನಾದ್ರೂ ಆದ್ರೆ ಐವತ್ತು ಜನರ ಜೀವಕ್ಕೆ ಯಾರು ಹೊಣೆ?"

"ಮೊದಲಿನ ಕಾಗದದಲ್ಲಿ ಅಸ್ಥಿರ ಅಂತ ಇದ್ದಾಗ ಓಡಿಸ್ಲಿಲ್ವಾ?"

"ಅದನ್ನ ನಮಗೆ ಯಾರು ತೋರಿಸಿದ್ರು?" ಮ್ಯಾನೇಜರ್ ದನಿ ತಗ್ಗಿಸಿದ. "ಸಾಬೀತು ಮಾಡಿದ್ದು ನೀವೇ ಅಲ್ವೇನಮ್ಮ?"

ಅವಳು ಮತ್ತೆ ಅಂಚೆ ಕಚೇರಿಯ ಮೇಲಿನ ಮಹಡಿಗೆ ಹತ್ತಿದಳು. ಗುಮಾಸ್ತ ಮರುಗಿದ, ನಿಜವಾಗಿಯೂ ಮರುಗಿದ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ಮೇಡಂ," ಎಂದು ಡಿಪೋದವರನ್ನು ಬೈದ. ಆಮೇಲೆ ಕಪಾಟಿನಿಂದ ಇನ್ನೊಂದು ನಮೂನೆ ತೆಗೆದುಕೊಟ್ಟ. ಕಾಯಿಲೆ ವಾಸಿಯಾಗಿದೆ ಎಂದು ಸಾಬೀತು ಮಾಡುವ ಅರ್ಜಿ. ಮೂರು ಪ್ರತಿ. ಅದು ಮಂಜೂರಾದರೆ ಆಸ್ಪತ್ರೆಯ ಪುಕ್ಕಟೆ ಔಷಧ ನಿಲ್ಲುತ್ತದೆ ಎಂಬುದನ್ನೂ ಹೇಳಿದ.

ಮನೆಯಲ್ಲಿ ಗಂಡ ಆ ನಮೂನೆ ನೋಡಿದ. ಬೈಯಲಿಲ್ಲ, ಹರಿಯಲಿಲ್ಲ. "ಸಾಕು ಕಣೆ," ಎಂದ. "ನಾನು ಏನು ಅಂತ ಇನ್ನೊಂದ್ಸಲ ಹೇಳ್ಕೊಂಡು ಬರೋ ಶಕ್ತಿ ನಂಗಿಲ್ಲ."

"ನನ್ನ ಮೇಲೆ ಸಿಟ್ಟಾ?"

ಅವನು ನಮೂನೆಯನ್ನು ಮಡಿಸಿ ಅವಳ ಕೈಗಿಟ್ಟ. ಸುಳ್ಳು ಹೇಳುವವನಲ್ಲ.

"ಇದೆ," ಎಂದ.

ಈಗ ಅವನಿಗೆ ಡಿಪೋದ ಹಿತ್ತಲಲ್ಲಿ ಬಸ್ ತೊಳೆಯುವ ಕೆಲಸ. ರಬ್ಬರ್ ಬೂಟು ಹಾಕಿಕೊಂಡು, ಪೈಪು ಹಿಡಿದು, ಬೇರೆಯವರು ತಂದು ನಿಲ್ಲಿಸಿದ ಬಸ್ಸುಗಳನ್ನು ತೊಳೆಯುತ್ತಾನೆ. ತೊಳೆದದ್ದನ್ನು ಹತ್ತು ಹೆಜ್ಜೆ ಮುಂದೆ ಸರಿಸಲೂ ಅಪ್ಪಣೆ ಇಲ್ಲ. ಆಸ್ಪತ್ರೆಯ ಮಾತ್ರೆ ತಿಂಗಳು ತಿಂಗಳು ಬರುತ್ತದೆ. ಅದರಿಂದ ನಿದ್ದೆ ಬರುತ್ತದೆ ಎನ್ನುವುದು ನಿಜ. ಡಿಪೋದಲ್ಲಿ ಯಾರೂ ಅವನನ್ನು ಮಿಲಿಟ್ರಿ ಎನ್ನುವುದಿಲ್ಲ. ಆದೇಶ ಓದಿದ ಮೇಲೆ ಗೌರವದಿಂದ ದೂರ ನಿಲ್ಲುತ್ತಾರೆ. ಕೊಂಬಕ್ಕ ಪ್ರೂಫ್ ನೋಡುತ್ತಲೇ ಇದ್ದಾಳೆ. ಮೊದಲಿನ ಹಾಗೆ ಮಷಿನ್ ನಿಲ್ಲಿಸುವುದಿಲ್ಲ; ತಪ್ಪು ಕಂಡರೆ ಗುರುತು ಹಾಕಿ ಕಳಿಸಿ ಸುಮ್ಮನಾಗುತ್ತಾಳೆ.

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಬರುತ್ತಾರೆ. ಅವಳಿಗೆ ಸೀಟು ಸಿಗುತ್ತದೆ. ಅವನು ಸೀಟು ಖಾಲಿ ಇದ್ದರೂ ಕೂರದೆ, ಚಾಲಕನ ಹಿಂದಿನ ಕಂಬಿ ಹಿಡಿದು ನಿಲ್ಲುತ್ತಾನೆ. ಪ್ರತಿ ನಿಲ್ದಾಣ ಹತ್ತಿರವಾದಾಗಲೂ ಅವನ ಬಲಗಾಲು ಬರೀ ನೆಲವನ್ನು ಮೆಲ್ಲಗೆ ಅದುಮುತ್ತದೆ, ಚಾಲಕ ಬ್ರೇಕ್ ಹಾಕುವುದಕ್ಕಿಂತ ಒಂದು ಕ್ಷಣ ಮುಂಚೆ. ಅದು ಅವಳಿಗೆ ಕಾಣುತ್ತದೆ. ಅವಳು ಕಿಟಕಿಯ ಕಡೆಗೆ ತಿರುಗಿ, ಅಂಗಡಿಗಳ ಬೋರ್ಡುಗಳನ್ನು ಓದುತ್ತಾ ಕೂರುತ್ತಾಳೆ.